ಸಾಲ್ಸಾ ವಾದಕರ ಜೀವನೋಪಾಯ: ಚಿಂತಾಮಣಿಯಿಂದ ಒಂದು ಪ್ರಶ್ನೆ

ಪ್ರಶ್ನೆ – ಟ್ರಂಪೆಟ್ ವಾದಕ, ಚಿಂತಾಮಣಿ

ನಾನು 11 ವರ್ಷಗಳಿಂದ ಚಿಂತಾಮಣಿಯ ಒಂದು ಬ್ಯಾಂಡ್ ಸೆಟ್‌ನಲ್ಲಿ ಟ್ರಂಪೆಟ್ ನುಡಿಸುತ್ತಿದ್ದೇನೆ. ನಮ್ಮ ತಂದೆಯವರು ಇದೇ ಸೆಟ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಲಗ್ನದ ಕಾಲ ಬಂದರೆ ಶ್ರೀನಿವಾಸಪುರದಿಂದ ಬಾಗೇಪಲ್ಲಿಯವರೆಗೆ ಮೆರವಣಿಗೆಗಳಿಗೆ ಓಡಾಡಿ ತುಟಿ ಊದಿಕೊಳ್ಳುವಷ್ಟು ಕೆಲಸವಿರುತ್ತದೆ. ಆಷಾಢ ಹಿಡಿದರೆ, ಮತ್ತೆ ಧನುರ್ಮಾಸ ಬಂದರೆ, ವಾದ್ಯವನ್ನು ಒರೆಸಿ ಚೀಲದೊಳಗಿಟ್ಟು ಟೊಮೆಟೊ ಮಂಡಿಯಲ್ಲಿ ಕ್ರೇಟು ಎತ್ತಲು ಹೋಗುತ್ತೇನೆ.

ಕಳೆದ ವರ್ಷ ನನ್ನ ತಮ್ಮ ಬೆಂಗಳೂರಿನಿಂದ ಬಂದಾಗ ತನ್ನ ಮೊಬೈಲಿನಲ್ಲಿ ಸಾಲ್ಸಾ ಕೇಳಿಸಿದ. ಕ್ಯೂಬಾದ ಬೇರಿನಿಂದ ನ್ಯೂಯಾರ್ಕ್‌ನಲ್ಲಿ ಬೆಳೆದ, ಸ್ಪ್ಯಾನಿಷ್‌ನಲ್ಲಿ ಹಾಡುವ ನೃತ್ಯಸಂಗೀತ ಅದು. ಎರಡು ಟ್ರಂಪೆಟ್, ಎರಡು ಟ್ರೊಂಬೋನ್, ಅವುಗಳ ಅಡಿಯಲ್ಲಿ ಮೂರು ನಾಲ್ಕು ಬಗೆಯ ಚರ್ಮವಾದ್ಯ, ನಡುವೆ ಒಂದು ಲೋಹದ ಗಂಟೆಯ ಸದ್ದು. ನಮ್ಮ ಮೆರವಣಿಗೆಯ ಸದ್ದಿಗೂ ಅದಕ್ಕೂ ದೂರದ ನಂಟಿದೆ ಎಂದು ಆ ಹೊತ್ತಿಗೇ ಅನ್ನಿಸಿತು. ಆದರೆ ಅಲ್ಲಿ ಒಬ್ಬರೂ ಇನ್ನೊಬ್ಬರ ಜಾಗವನ್ನು ತುಳಿಯುವುದಿಲ್ಲ. ಅಂದಿನಿಂದ ದಿನವೂ ಕೇಳುತ್ತಿದ್ದೇನೆ, ಸಿಕ್ಕಷ್ಟು ಓದಿಯೂ ಇದ್ದೇನೆ. ಓದಿದಷ್ಟೂ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಕ್ರೀಡಾಂಗಣ ತುಂಬ ಜನ ಸೇರಿಸುತ್ತಿದ್ದ ಕಲಾವಿದರಲ್ಲಿ ಕೆಲವರು ಕೊನೆಗಾಲದಲ್ಲಿ ಬಾಡಿಗೆ ಕಟ್ಟಲೂ ಕಷ್ಟಪಟ್ಟರಂತೆ. ಇನ್ನು ಕೆಲವರು 80ರ ವಯಸ್ಸಿನಲ್ಲೂ ವೇದಿಕೆಯ ಮೇಲಿದ್ದರಂತೆ. ಈ ವ್ಯತ್ಯಾಸ ಬಂದದ್ದು ಎಲ್ಲಿಂದ? ಅವರಿಗೆ ಅನ್ನ ಹಾಕಿದ್ದು ರೆಕಾರ್ಡುಗಳೇ, ಅಥವಾ ನಮ್ಮ ಹಾಗೆ ರಾತ್ರಿ ಲೆಕ್ಕದ ಕೂಲಿಯೇ? ಸ್ಪ್ಯಾನಿಷ್ ಬಾರದ ನನ್ನಂಥವನಿಗೆ ಆ ಸಂಗೀತದಲ್ಲಿ ಜಾಗವಿದೆಯೇ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ – ತಾಳವಾದ್ಯ ಕಲಾವಿದ, ಊರು ಶಿಡ್ಲಘಟ್ಟ

ನಾನು ಮೃದಂಗ ಕಲಿತು, ಆಮೇಲೆ ಕಾಂಗಾ ಎಂಬ, ಕೈಯಿಂದ ಬಾರಿಸುವ ಕ್ಯೂಬಾದ ಚರ್ಮವಾದ್ಯಕ್ಕೆ ಹೊರಳಿದವನು. ಬೆಂಗಳೂರಿನಲ್ಲಿ ಲ್ಯಾಟಿನ್ ನೃತ್ಯದ ರಾತ್ರಿಗಳಿಗೆ ನುಡಿಸುತ್ತೇನೆ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಬಹುಪಾಲು ವಾದಕರಿಗೆ ಅನ್ನ ಹಾಕಿದ್ದು ರಾತ್ರಿ ಲೆಕ್ಕದ ಕೂಲಿಯೇ.

ಸಾಲ್ಸಾ ಎಂಬ ಹೆಸರು ಬರುವ ಮೊದಲೇ ನ್ಯೂಯಾರ್ಕ್‌ನಲ್ಲಿ ಈ ಕಸುಬು ಬೆಳೆದಿತ್ತು. 1940ರಲ್ಲಿ ಕ್ಯೂಬಾದಿಂದ ಬಂದ ಗಾಯಕ ಮಾಚೀಟೋ ಕಟ್ಟಿದ ವಾದ್ಯವೃಂದದ ಸಂಗೀತದ ಹೊಣೆ ಹೊತ್ತವರು ಮಾರಿಯೋ ಬಾವುಸಾ. ಅವರು ಹವಾನಾದ ಫಿಲ್ಹಾರ್ಮೋನಿಕ್‌ನಲ್ಲಿ ಕ್ಲಾರಿನೆಟ್ ನುಡಿಸಿ, ನ್ಯೂಯಾರ್ಕ್‌ಗೆ ಬಂದ ಮೇಲೆ ಟ್ರಂಪೆಟ್ ಹಿಡಿದವರು. ನಿಮ್ಮ ತಂದೆಯವರ ವಾದ್ಯ ಮತ್ತು ನಿಮ್ಮ ವಾದ್ಯ ಒಬ್ಬರಲ್ಲೇ ಕೂಡಿದ್ದವು ಎಂಬ ಕಾರಣಕ್ಕೆ ಇದನ್ನು ಹೇಳಬೇಕೆನಿಸಿತು. ಮುಂದೆ ಟೀಟೋ ಪುಯೆಂಟೆ ಬಂದರು. ನೌಕಾಪಡೆಯಲ್ಲಿ ದುಡಿದದ್ದರಿಂದ ದೊರೆತ ಸರ್ಕಾರಿ ಸವಲತ್ತನ್ನು ಬಳಸಿಕೊಂಡು ಜೂಲಿಯಾರ್ಡ್ ಶಾಲೆಯಲ್ಲಿ ಸಂಗೀತ ಓದಿದ ಅವರು ಟಿಂಬಾಲೆಸ್ ಎಂಬ, ಕಡ್ಡಿಗಳಿಂದ ಬಾರಿಸುವ ಜೋಡಿ ಚರ್ಮವಾದ್ಯವನ್ನು ಹಿಂಬದಿಯಿಂದ ವೇದಿಕೆಯ ಮುಂಭಾಗಕ್ಕೆ ತಂದರು. ಇವರೆಲ್ಲ ನುಡಿಸುತ್ತಿದ್ದ ಪಲ್ಲೇಡಿಯಂ ನೃತ್ಯಮಂದಿರ 1966ರಲ್ಲಿ ಮುಚ್ಚಿತು. ಅಂಥ ದೊಡ್ಡ ಮಂದಿರ ಮುಚ್ಚಿದರೆ ಹದಿನಾರು ಜನರ ವೃಂದವನ್ನು ಸಾಕುವವರು ಕಡಿಮೆಯಾಗುತ್ತಾರೆ, ಸಣ್ಣ ಕ್ಲಬ್ಬುಗಳಿಗೆ ಎಂಟು ಹತ್ತು ಜನರ ತಂಡ ಸಾಕಾಗುತ್ತದೆ. ಆ ಹೊತ್ತಿಗಾಗಲೇ, 1961ರಲ್ಲಿ, ಪಿಯಾನೋ ವಾದಕ ಎಡ್ಡಿ ಪಾಲ್ಮಿಯೇರಿ ಟ್ರಂಪೆಟ್‌ಗಳ ಸಾಲನ್ನು ಬಿಟ್ಟು ಟ್ರೊಂಬೋನ್‌ಗಳ ಒರಟು ದನಿಯ ಮೇಲೆ ತಮ್ಮ ತಂಡ ಕಟ್ಟಿದ್ದರು. ನೀವು ಇಂದು ಕೇಳುತ್ತಿರುವ ಸಾಲ್ಸಾದ ಸದ್ದು ಬಹಳ ಮಟ್ಟಿಗೆ ಅಲ್ಲಿಂದ ಬಂದದ್ದು.

ತಂಡದ ನಾಯಕರಲ್ಲದ ವಾದಕರ ಬದುಕನ್ನು ತಿಳಿಯಬೇಕಾದರೆ ಟ್ರಂಪೆಟ್ ವಾದಕ ಆಲ್ಫ್ರೆಡೋ ಆರ್ಮೆಂಟೆರೋಸ್ ಅವರನ್ನು ಕೇಳಿ. ಎಲ್ಲರೂ ಅವರನ್ನು 'ಚಾಕೊಲೇಟ್' ಎಂದೇ ಕರೆಯುತ್ತಿದ್ದರು. 1928ರಲ್ಲಿ ಕ್ಯೂಬಾದಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡ ಅವರು ಆರ್ಸೇನಿಯೋ ರೊಡ್ರಿಗೆಸ್, ಬೆನ್ನಿ ಮೋರೆ, ಮಾಚೀಟೋ, ಪಾಲ್ಮಿಯೇರಿ ಹೀಗೆ ಹಲವು ತಂಡನಾಯಕರ ಬಳಿ ನುಡಿಸಿದರು. ಹೆಸರು ಮುಖಪುಟದಲ್ಲಿ ಇಲ್ಲದಿದ್ದರೂ ಅವರ ಒಂದು ಉಸಿರು ಕೇಳಿದರೆ ಸಾಕು, ಇವರೇ ಎಂದು ಹೇಳಬಹುದು. ಎಷ್ಟೋ ನಾಯಕರು ಬಂದು ಹೋದರೂ ಅವರನ್ನು ಕರೆಯುವ ದೂರವಾಣಿ ನಿಲ್ಲಲಿಲ್ಲ. ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಭದ್ರತೆಯನ್ನು ನಾನು ಕಂಡಿಲ್ಲ.

ಉತ್ತರ – ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕ, ಕೋಲಾರ

ಮೇಲಿನವರು ಹೇಳಿದ್ದು ವಾದಕರ ಮಟ್ಟಿಗೆ ಸರಿ. ಆದರೆ ಕೆಲವರು ಬರಿಗೈಯಾದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ವೇದಿಕೆಯ ಮೇಲಲ್ಲ, ಕರಾರು ಪತ್ರದಲ್ಲಿ. ನಾನು ಬಾಲ್ಯದಲ್ಲಿ ಕೆ.ಜಿ.ಎಫ್.ನ ಗಣಿ ಕ್ಲಬ್ಬುಗಳ ನೃತ್ಯದ ಬ್ಯಾಂಡುಗಳನ್ನು ಹೊರಗೆ ನಿಂತು ಕೇಳುತ್ತಿದ್ದವನು. ಅಂದಿನಿಂದ ಹಿತ್ತಾಳೆ ವಾದ್ಯಗಳ ಮೇಲೆ ನನಗೆ ಪ್ರೀತಿ, ಲೆಕ್ಕಪತ್ರ ನನ್ನ ವೃತ್ತಿ; ಆದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

1964ರಲ್ಲಿ ಡೊಮಿನಿಕನ್ ಮೂಲದ ಕೊಳಲು ವಾದಕ ಜಾನಿ ಪಚೇಕೋ ಮತ್ತು ವಕೀಲ ಜೆರ್ರಿ ಮಸೂಚಿ ಸೇರಿ ನ್ಯೂಯಾರ್ಕ್‌ನಲ್ಲಿ ಫಾನಿಯಾ ಎಂಬ ರೆಕಾರ್ಡ್ ಕಂಪನಿಯನ್ನು ಆರಂಭಿಸಿದರು. ಮೊದಮೊದಲು ಕಾರಿನ ಡಿಕ್ಕಿಯಲ್ಲಿ ರೆಕಾರ್ಡುಗಳನ್ನು ತುಂಬಿಕೊಂಡು ಅಂಗಡಿಯಿಂದ ಅಂಗಡಿಗೆ ಮಾರಿದ ಕಂಪನಿ ಅದು. 1971ರಲ್ಲಿ ಚೀಟಾ ಎಂಬ ಕ್ಲಬ್ಬಿನಲ್ಲಿ ತನ್ನ ಕಲಾವಿದರನ್ನೆಲ್ಲ ಒಂದೇ ವೇದಿಕೆಗೆ ತಂದಿತು. 1973ರ ಆಗಸ್ಟ್‌ನಲ್ಲಿ ಯಾಂಕೀ ಕ್ರೀಡಾಂಗಣದಲ್ಲಿ 40,000ಕ್ಕೂ ಹೆಚ್ಚು ಜನ ಸೇರಿದರು. 1974ರಲ್ಲಿ ಅದೇ ಬಳಗ ಆಫ್ರಿಕಾದ ಕಿನ್ಶಾಸಾದಲ್ಲಿ ನುಡಿಸಿತು. ಸಾಲ್ಸಾ ಎಂಬ ಹೆಸರನ್ನು ಲೋಕದ ಬಾಯಲ್ಲಿ ಕೂರಿಸಿದ್ದು ಈ ಕಂಪನಿ. ಆ ಉಪಕಾರವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಮಾರಾಟಕ್ಕೆ ತಕ್ಕ ರಾಯಲ್ಟಿ, ಅಂದರೆ ಗಳಿಕೆಯ ಪಾಲು, ತಮಗೆ ಬರಲಿಲ್ಲವೆಂದು ಅದರ ಕಲಾವಿದರಲ್ಲಿ ಹಲವರು ಮುಂದೆ ದೂರಿದರು.

ಇಬ್ಬರು ಗಾಯಕರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಎಕ್ತೋರ್ ಲಾವೋ ಪೋರ್ಟೊ ರಿಕೋದ ಪೋನ್ಸೆಯಲ್ಲಿ 1946ರಲ್ಲಿ ಹುಟ್ಟಿ, 1963ರಲ್ಲಿ ನ್ಯೂಯಾರ್ಕ್‌ಗೆ ಬಂದು, ಇನ್ನೂ ಹದಿಹರೆಯದಲ್ಲಿದ್ದ ಟ್ರೊಂಬೋನ್ ವಾದಕ ವಿಲ್ಲಿ ಕೊಲೋನ್ ಜೊತೆ 1967ರಲ್ಲಿ ಮೊದಲ ಆಲ್ಬಂ ಮಾಡಿದವರು. ರೂಬೆನ್ ಬ್ಲೇಡ್ಸ್ ಪನಾಮಾದಲ್ಲಿ ಕಾನೂನು ಪದವಿ ಪಡೆದು ಬಂದು, ಫಾನಿಯಾದ ಅಂಚೆ ವಿಭಾಗದಲ್ಲಿ ಕಾಗದ ವಿಂಗಡಿಸುತ್ತ ಅವಕಾಶಕ್ಕೆ ಕಾದವರು. 1978ರಲ್ಲಿ ಲಾವೋಗೆ ಜೀವನದುದ್ದಕ್ಕೂ ಅಂಟಿಕೊಂಡ 'ಎಲ್ ಕಾಂತಾಂತೆ' ಹಾಡನ್ನು ಬರೆದವರು ಬ್ಲೇಡ್ಸ್. ಗಾಯಕನೊಬ್ಬನ ಒಳಗಿನ ನೋವನ್ನು ಹೇಳುವ ಆ ಹಾಡು ಲಾವೋ ಅವರ ಆತ್ಮಕಥೆಯೆಂದೇ ಜನ ನಂಬಿದರು. ದನಿ ಒಬ್ಬರದು, ಹಾಡು ಇನ್ನೊಬ್ಬರದು. ಅದೇ ವರ್ಷ ಬ್ಲೇಡ್ಸ್ ಮತ್ತು ಕೊಲೋನ್ ಸೇರಿ ಮಾಡಿದ ಆಲ್ಬಂ ಸಾಲ್ಸಾದ ಇತಿಹಾಸದಲ್ಲೇ ಅತಿ ಹೆಚ್ಚು ಮಾರಾಟವಾದವುಗಳಲ್ಲಿ ಒಂದು. ಬ್ಲೇಡ್ಸ್ ತಮ್ಮ ಪಾಲಿನ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದರು, ಬೇರೆ ಕಂಪನಿಗೆ ಹೋದರು, 1985ರಲ್ಲಿ ಹಾರ್ವರ್ಡ್‌ನಲ್ಲಿ ಕಾನೂನಿನ ಸ್ನಾತಕೋತ್ತರ ಪದವಿ ಪಡೆದರು, 1994ರಲ್ಲಿ ಪನಾಮಾದ ಅಧ್ಯಕ್ಷ ಸ್ಥಾನಕ್ಕೂ ಸ್ಪರ್ಧಿಸಿದರು. ಲಾವೋ ಮಾದಕ ವ್ಯಸನ, ಮನೆಯೊಳಗಿನ ಸಾವುಗಳು ಮತ್ತು ಕಾಯಿಲೆಯಿಂದ ಕುಗ್ಗಿ 1993ರಲ್ಲಿ 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ದುಃಖವನ್ನೆಲ್ಲ ಕರಾರಿನ ತಲೆಗೆ ಕಟ್ಟುವುದು ತಪ್ಪು. ಆದರೂ ಮನುಷ್ಯ ಹಾಸಿಗೆ ಹಿಡಿದಾಗ ಬರೆದ ಹಾಡು ದುಡಿಯುತ್ತದೆ, ಹಾಡುವ ಗಂಟಲು ದುಡಿಯಲಾರದು.

ಹಾಗಾದರೆ ಬರೆದವರೆಲ್ಲ ಸುಖವಾಗಿದ್ದರೇ ಎಂದು ಕೇಳಬಹುದು. ಇಲ್ಲ. ಪೋರ್ಟೊ ರಿಕೋದ ಟೀಟೆ ಕುರೆಟ್ ಅಲೋನ್ಸೊ ಸುಮಾರು 2,000 ಹಾಡುಗಳನ್ನು ಬರೆದವರು. ಲಾವೋ, ಚೆಯೋ ಫೆಲಿಸಿಯಾನೋ, ಲಾ ಲೂಪೆ ಮೊದಲಾದ ಗಾಯಕರ ಹೆಸರು ಬೆಳೆದದ್ದು ಅವರ ಹಾಡುಗಳಿಂದ. ಅಂಥವರು ವರ್ಷಗಟ್ಟಲೆ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬರೆದರು. ಅವರ ಹಾಡುಗಳ ಹಕ್ಕಿನ ವಿಷಯದಲ್ಲಿ ಎದ್ದ ಕಾನೂನು ವ್ಯಾಜ್ಯದಿಂದಾಗಿ 1995ರಿಂದ 2009ರವರೆಗೆ ಪೋರ್ಟೊ ರಿಕೋದ ರೇಡಿಯೋದಲ್ಲಿ ಆ ಹಾಡುಗಳು ಕೇಳಲಿಲ್ಲ. ಅಲೋನ್ಸೊ 2003ರಲ್ಲೇ ತೀರಿಕೊಂಡಿದ್ದರು. ತಮ್ಮದೇ ನಾಡಿನ ಗಾಳಿಯಲ್ಲಿ ತಮ್ಮ ಹಾಡುಗಳು ಮತ್ತೆ ಮೊಳಗುವುದನ್ನು ಅವರು ಕೇಳಲೇ ಇಲ್ಲ. ಈ ಸಂಗತಿಯನ್ನು ಮೊದಲು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬರೆಯುವುದು ಒಂದು, ಬರೆದದ್ದರ ಹಕ್ಕು ಯಾರ ಕೈಯಲ್ಲಿದೆ ಎಂದು ತಿಳಿದಿರುವುದು ಇನ್ನೊಂದು.

ಲಾ ಲೂಪೆಯವರ ಕಥೆ ಇನ್ನೂ ಕಹಿ. ಕ್ಯೂಬಾದಿಂದ ಬಂದು 60ರ ದಶಕದಲ್ಲಿ ನ್ಯೂಯಾರ್ಕ್‌ನ ಲ್ಯಾಟಿನ್ ಸಂಗೀತದ ಮಹಾರಾಣಿಯಾಗಿದ್ದ ಅವರು 1992ರಲ್ಲಿ ಬಡತನದಲ್ಲಿ ಕಣ್ಣು ಮುಚ್ಚಿದರು. ಅದೇ ಕ್ಯೂಬಾದಿಂದ ಬಂದ ಸೆಲಿಯಾ ಕ್ರೂಸ್, 1950ರಿಂದ ಸೊನೋರಾ ಮತಾನ್ಸೆರಾ ತಂಡದಲ್ಲಿ ಹಾಡಿ, 1960ರಲ್ಲಿ ದೇಶ ಬಿಟ್ಟು, 1974ರಲ್ಲಿ ಪಚೇಕೋ ಜೊತೆ ಹಾಡಿದ ಆಲ್ಬಂನಿಂದ ಮತ್ತೆ ಮೇಲೆದ್ದು, 2003ರಲ್ಲಿ ತೀರಿಕೊಳ್ಳುವವರೆಗೂ ಬೇಡಿಕೆಯಲ್ಲಿದ್ದರು. ಪ್ರತಿಭೆಯಲ್ಲಿ ಇಬ್ಬರನ್ನೂ ತೂಗಲು ನಾನು ಮುಂದಾಗುವುದಿಲ್ಲ.

ಮರುಪ್ರಶ್ನೆ – ಟ್ರಂಪೆಟ್ ವಾದಕ, ಚಿಂತಾಮಣಿ

ಇಬ್ಬರಿಗೂ ಕೃತಜ್ಞತೆಗಳು. ಕರಾರಿನ ಮಾತು ಓದಿದಾಗ ನನ್ನದೇ ಒಂದು ಅನುಭವ ನೆನಪಾಯಿತು. ಮೂರು ವರ್ಷಗಳ ಹಿಂದೆ ಒಂದು ಧ್ವನಿಮುದ್ರಣ ಸ್ಟುಡಿಯೋದವರು ದೇವರ ಹಾಡೊಂದಕ್ಕೆ ನನ್ನಿಂದ ಟ್ರಂಪೆಟ್ ನುಡಿಸಿಕೊಂಡರು. ನಡುವೆ ಬರುವ ಸ್ವರಗುಚ್ಛವನ್ನು ಅಲ್ಲೇ ನಿಂತು ಕಟ್ಟಿದವನು ನಾನು. ಒಂದು ದಿನದ ಸಂಬಳ ಕೊಟ್ಟರು, ಕಾಗದವೇನೂ ಇರಲಿಲ್ಲ. ಈಗ ಆ ಹಾಡು ಪ್ರತಿ ಜಾತ್ರೆಯಲ್ಲೂ ಕೇಳುತ್ತದೆ. ಪಕ್ಕದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆ ವಾದನಕ್ಕೆ ಪದ್ಮಶ್ರೀ ಬಂದಾಗ ನಮ್ಮಂಥ ವಾದ್ಯದವರೆಲ್ಲ ನಮಗೇ ಬಂದಷ್ಟು ಸಂತೋಷಪಟ್ಟೆವು. ಆ ಗೌರವ ಬಹಳ ದೊಡ್ಡದು. ಆದರೆ ದಿನನಿತ್ಯದ ದುಡಿಮೆಯಲ್ಲಿ ನಮ್ಮ ಕೈಯಲ್ಲಿ ಇರಬೇಕಾದ ಕಾಗದ ಯಾವುದು ಎಂಬುದನ್ನೂ ಯಾರಾದರೂ ತಿಳಿಸಿಕೊಡಬೇಕು.

ಉತ್ತರ – ನಿವೃತ್ತ ಉಪನ್ಯಾಸಕ, ಕೋಲಾರ

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು ಸಾಹಿತ್ಯ ಮತ್ತು ಸಂಗೀತ ರಚಿಸಿದವರ ರಾಯಲ್ಟಿಯ ಹಕ್ಕನ್ನು ಗಟ್ಟಿಗೊಳಿಸಿತು. ಪ್ರದರ್ಶನ ನೀಡುವ ಕಲಾವಿದರಿಗೂ ವಾಣಿಜ್ಯ ಬಳಕೆಯಲ್ಲಿ ಪಾಲನ್ನು ಒಪ್ಪಿಕೊಂಡಿತು. ಇನ್ನು ಮುಂದೆ ಧ್ವನಿಮುದ್ರಣಕ್ಕೆ ಹೋದಾಗ ವಾದ್ಯ ಬಿಚ್ಚುವ ಮೊದಲೇ ಒಂದು ಹಾಳೆ ಬರೆಸಿಕೊಳ್ಳಿ: ದಿನಾಂಕ, ಹಾಡಿನ ಹೆಸರು, ನೀವು ನುಡಿಸುವುದು ಮಾತ್ರವೇ ಅಥವಾ ರಚಿಸುವುದೂ ಉಂಟೇ, ಹಣ ಒಂದು ಸಲದ್ದೇ ಅಥವಾ ಪಾಲಿನದ್ದೇ. ಹಳೆಯ ಹಾಡಿನ ವಿಷಯಕ್ಕೆ ಸಂಬಳ ಬಂದ ಬ್ಯಾಂಕ್ ವಿವರ, ಆ ದಿನದ ಸಂದೇಶಗಳು ಉಳಿದಿದ್ದರೆ ತೆಗೆದಿಟ್ಟುಕೊಂಡು ಚಿಂತಾಮಣಿಯ ನ್ಯಾಯಾಲಯದಲ್ಲಿರುವ ಉಚಿತ ಕಾನೂನು ನೆರವಿನವರನ್ನು ಕಾಣಿ.

ಉತ್ತರ – ತಾಳವಾದ್ಯ ಕಲಾವಿದ, ಶಿಡ್ಲಘಟ್ಟ

ನಿಮ್ಮ ಕೊನೆಯ ಪ್ರಶ್ನೆ ಉಳಿದಿದೆ. ಹೊರಗಿನವರಿಗೆ ಜಾಗವಿದೆ. ಪಿಯಾನೋ ವಾದಕ ಲ್ಯಾರಿ ಹಾರ್ಲೋ ಬ್ರೂಕ್ಲಿನ್‌ನ ಯಹೂದಿ ಮನೆತನದವರು. ಕ್ಯೂಬಾಕ್ಕೇ ಹೋಗಿ ಕಲಿತು ಬಂದು ಫಾನಿಯಾದ ಆಧಾರಸ್ತಂಭಗಳಲ್ಲಿ ಒಬ್ಬರಾದರು. 1984ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ಓರ್ಕೆಸ್ತಾ ದೆ ಲಾ ಲೂಸ್ ತಂಡದವರೆಲ್ಲ ಜಪಾನಿಯರು. ಅವರು ಸ್ಪ್ಯಾನಿಷ್‌ನಲ್ಲೇ ಹಾಡಿ, 90ರ ದಶಕದ ಆರಂಭದಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಲ್ಯಾಟಿನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದರು. ಟ್ರಂಪೆಟ್‌ಗೆ ಭಾಷೆಯ ಅಡ್ಡಿ ಅಷ್ಟೂ ಇಲ್ಲ. ಅಡ್ಡಿಯಾಗುವುದು ಕ್ಲಾವೆ.

ಕ್ಲಾವೆ ಎಂದರೆ ಎರಡು ಮರದ ಕಡ್ಡಿಗಳಿಂದ ಹೊಡೆಯುವ ಐದು ಪೆಟ್ಟು. ಇಡೀ ಸಾಲ್ಸಾ ಅದರ ಮೇಲೆ ನಿಂತಿದೆ. ಮೊಂತುನೋ ಎಂಬ ಪಿಯಾನೋದ ಮರುಕಳಿಸುವ ಸ್ವರಗುಚ್ಛ, ತುಂಬಾವೋ ಎಂಬ ಬಾಸ್ ಗಿಟಾರಿನ ಮರುಕಳಿಸುವ ನಡೆ, ನಿಮ್ಮ ಟ್ರಂಪೆಟ್ಟಿನ ವಾಕ್ಯ ಯಾವುದೂ ಅದರ ವಿರುದ್ಧ ಹೋಗಬಾರದು. ಕಡ್ಡಿಯ ಸದ್ದು ಕೇಳಿಸದಿದ್ದಾಗಲೂ ಎಲ್ಲರ ಮನಸ್ಸಿನಲ್ಲಿ ಅದು ನಡೆಯುತ್ತಲೇ ಇರುತ್ತದೆ. ನಾನು ಅದನ್ನು ಹಿಡಿದದ್ದು ನಮ್ಮ ಮೃದಂಗದ ಸೊಲ್ಲುಗಳಿಂದ. ಹದಿನಾರು ಮಾತ್ರೆಗಳನ್ನು ಸಮನಾಗಿ ಎಣಿಸುತ್ತ ಹೀಗೆ ಹೇಳಿ: ತಕಿಟ, ತಕಿಟ, ತಕಧಿಮಿ, ತಕ, ತಕಧಿಮಿ. ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಮಾತ್ರ ಚಪ್ಪಾಳೆ ತಟ್ಟಿ. ಪೆಟ್ಟುಗಳು 1, 4, 7, 11, 13ನೆಯ ಮಾತ್ರೆಗಳಲ್ಲಿ ಬೀಳುತ್ತವೆ. ಮೊದಲರ್ಧದಲ್ಲಿ ಮೂರು, ಉಳಿದರ್ಧದಲ್ಲಿ ಎರಡು. ಕಾಲಿನಲ್ಲಿ ನಾಲ್ಕು ಮಾತ್ರೆಗೊಂದು ಹೆಜ್ಜೆ ಹಾಕುತ್ತ ಕೈಯಲ್ಲಿ ಇದನ್ನು ಹಿಡಿಯಿರಿ. ಕೆಲವು ಹಾಡುಗಳಲ್ಲಿ ಎರಡು ಪೆಟ್ಟಿನ ಭಾಗ ಮೊದಲು ಬರುತ್ತದೆ. ಅದನ್ನು ಗುರುತಿಸಲು ನನಗೆ ಒಂದು ವರ್ಷ ಬೇಕಾಯಿತು. ಬೆಂಗಳೂರಿನಲ್ಲಿ ಈ ಸಂಗೀತಕ್ಕೆ ದುಡಿಮೆ ಹೆಚ್ಚಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ನೃತ್ಯದವರು ಬಹಳ ಮಂದಿ ಇದ್ದಾರೆ, ಆದರೆ ಅವರಲ್ಲಿ ಹೆಚ್ಚಿನವರು ರೆಕಾರ್ಡಿಗೇ ಕುಣಿಯುತ್ತಾರೆ. ನಾನೂ ತಿಂಗಳಲ್ಲಿ ಎರಡು ರಾತ್ರಿ ಸಾಲ್ಸಾ ನುಡಿಸಿದರೆ ಉಳಿದ ದಿನ ಮಕ್ಕಳಿಗೆ ಮೃದಂಗ ಹೇಳಿಕೊಡುತ್ತೇನೆ.

ಟ್ರಂಪೆಟ್ ವಾದಕ, ಚಿಂತಾಮಣಿ

ಭಾನುವಾರ ನಮ್ಮ ಸೆಟ್‌ನ ಡೋಲಿನವನನ್ನೂ ತಮಟೆಯ ಇಬ್ಬರು ಹುಡುಗರನ್ನೂ ಮನೆಯ ಮಾಳಿಗೆಗೆ ಕರೆದು ನೀವು ಹೇಳಿದ ಐದು ಪೆಟ್ಟನ್ನು ಹಿಡಿಸಿದೆ. ಹುಡುಗರು ಅರ್ಧ ಗಂಟೆಯಲ್ಲಿ ಹಿಡಿದರು. ಅದರ ಮೇಲೆ ನಾನು ಮೆರವಣಿಗೆಯಲ್ಲಿ ಹನ್ನೊಂದು ವರ್ಷಗಳಿಂದ ನುಡಿಸುತ್ತಿರುವ ಒಂದು ಸ್ವರಗುಚ್ಛವನ್ನು ಊದಿದಾಗ ಎರಡು ಸಲ ಪೆಟ್ಟಿಗೆ ಅಡ್ಡ ಬಂತು. ಅರ್ಧ ಆವರ್ತನ ತಡೆದು ಎತ್ತಿಕೊಂಡೆ, ಆಗ ತಾನಾಗಿ ಕೂತಿತು. ಸ್ಟುಡಿಯೋದವರ ಸಂದೇಶಗಳು ಹಳೆಯ ಮೊಬೈಲಿನಲ್ಲಿ ಸಿಕ್ಕಿವೆ. ಅವನ್ನು ತೆಗೆದುಕೊಂಡು ಬುಧವಾರ ನ್ಯಾಯಾಲಯಕ್ಕೆ ಹೋಗುತ್ತಿದ್ದೇನೆ.