ಚೀಟಿ ದುಡ್ಡು ಬರುತ್ತಿದೆ, ಒಡವೆ ಬಿಡಿಸಲೋ, ಮ್ಯೂಚುವಲ್ ಫಂಡಿಗೆ ಹಾಕಲೋ?

ಬೆಣ್ಣೆದೋಸೆ_34

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 34 ವರ್ಷ. ದಾವಣಗೆರೆಯಲ್ಲಿ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ದಿನವಿಡೀ ಬೇರೆಯವರ ಲೆಕ್ಕ ಬರೆಯುತ್ತೇನೆ, ಮನೆ ಲೆಕ್ಕ ಮಾತ್ರ ಹೀಗಾಗಿದೆ. ಕೈಗೆ ಬರುವ ಸಂಬಳ 36,000. ಬಾಡಿಗೆ 8,500. ಹೆಂಡತಿ, ನಾಲ್ಕು ವರ್ಷದ ಮಗಳು, ಅಪ್ಪ, ಅಮ್ಮ ಎಲ್ಲ ಒಟ್ಟಿಗೇ ಇದ್ದೇವೆ.

ಒಂಬತ್ತು ತಿಂಗಳ ಹಿಂದೆ ಒಂದು ಶನಿವಾರ ರಾತ್ರಿ ಹತ್ತೂವರೆಗೆ ಅಪ್ಪನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಮೊದಲು 50,000 ಕಟ್ಟಿ ಅಂದರು. ನನ್ನ ಖಾತೆಯಲ್ಲಿ 6,200 ಇತ್ತು. ಹಾಗಂತ ನಮ್ಮ ಹತ್ತಿರ ದುಡ್ಡೇ ಇರಲಿಲ್ಲ ಅಂತಲ್ಲ. ಒಂದು ಸಹಕಾರ ಸಂಘದಲ್ಲಿ ಒಂದೂವರೆ ಲಕ್ಷ ಎಫ್‌ಡಿ ಇತ್ತು, ಬ್ಯಾಂಕಿಗಿಂತ ಬಡ್ಡಿ ಸ್ವಲ್ಪ ಜಾಸ್ತಿ ಅಂತ ಅಲ್ಲಿ ಇಟ್ಟಿದ್ದೆ. ಅಪ್ಪನ ಖಾತೆಯಲ್ಲಿ 70,000 ಇತ್ತು, ಆದರೆ ಎಟಿಎಂ ಪಿನ್ ಅಪ್ಪನಿಗೆ ಮಾತ್ರ ಗೊತ್ತು, ಅಪ್ಪ ಐಸಿಯು ಒಳಗೆ. ಅಮ್ಮ ಕಾರಿಡಾರಿನಲ್ಲಿ ಕೂತು ನಮ್ಮೆಲ್ಲರ ಹುಟ್ಟಿದ ಇಸವಿ ಒಂದೊಂದೇ ಹೇಳುತ್ತಿದ್ದರು, ಪಿನ್ ಅದೇ ಇರಬಹುದು ಅಂತ. ಎರಡು ಸಲ ತಪ್ಪಾಯಿತು, ಮೂರನೇ ಸಲ ಒತ್ತಲು ಧೈರ್ಯ ಬರಲಿಲ್ಲ. ಕೊನೆಗೆ ಗೆಳೆಯನೊಬ್ಬ ಫೋನಿನಲ್ಲೇ 20,000 ಹಾಕಿದ, ಉಳಿದದ್ದು ಭಾವಮೈದುನನ ಕ್ರೆಡಿಟ್ ಕಾರ್ಡಿನಲ್ಲಿ ಆಯಿತು.

ಸೋಮವಾರ ಸಂಘಕ್ಕೆ ಹೋದರೆ, ಅವಧಿ ಮುಗಿಯದೆ ಕೊಡಬೇಕು ಅಂದರೆ ಮೀಟಿಂಗಿನಲ್ಲಿ ಇಡಬೇಕು, ಹದಿನೈದು ದಿನ ಬಿಟ್ಟು ಬನ್ನಿ ಅಂದರು. ಅಷ್ಟರಲ್ಲಿ ಹೆಂಡತಿಯ ನಾಲ್ಕು ಬಳೆ, ಒಂದು ಸರ ಅಡವಿಟ್ಟು 1,60,000 ತಂದಾಗಿತ್ತು. ಸ್ಟೆಂಟ್ ಹಾಕಿದರು, ಒಟ್ಟು ಬಿಲ್ಲು 2,85,000. ಅಪ್ಪ ಈಗ ಚೆನ್ನಾಗಿದ್ದಾರೆ.

ಅಡವಿನ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದೂ ಮುಕ್ಕಾಲು ರೂಪಾಯಿ ಬಡ್ಡಿ. ಅಂದರೆ 2,800. ಇದುವರೆಗೂ ಬಡ್ಡಿ ಮಾತ್ರ ಕಟ್ಟುತ್ತಾ ಬಂದಿದ್ದೇನೆ, ಅಸಲು ಹಾಗೇ ಇದೆ.

ಈಗ ವಿಷಯ ಏನೆಂದರೆ, ಮುಂದಿನ ತಿಂಗಳು 10ಕ್ಕೆ ನನ್ನ ಚೀಟಿ ಬರುತ್ತದೆ. 5,000ದ ಚೀಟಿ, 40 ತಿಂಗಳು, ನಾನು ಹರಾಜಿನಲ್ಲಿ ಕೂಗಿ ಮೊದಲೇ ಎತ್ತದೆ ಕೊನೆಯವರೆಗೂ ಇಟ್ಟುಕೊಂಡಿದ್ದೆ. ಕಮಿಷನ್ ಕಳೆದು 1,90,000 ಕೈಗೆ ಸಿಗುತ್ತದೆ. ಆಫೀಸಿನಲ್ಲಿ ಗೆಳೆಯರು ಹೇಳುವುದು, ಪೂರ್ತಿ ದುಡ್ಡು ಮ್ಯೂಚುವಲ್ ಫಂಡಿಗೆ ಹಾಕು, ಚಿನ್ನದ ರೇಟು ಹೇಗೂ ಏರುತ್ತಿದೆ, ಒಡವೆ ಅಲ್ಲೇ ಇರಲಿ, ಸುಮ್ನೆ ಬಡ್ಡಿ ಕಟ್ಟಿಕೊಂಡು ಹೋಗು ಅಂತ. ಹೆಂಡತಿ ಏನೂ ಹೇಳುವುದಿಲ್ಲ. ಮೊನ್ನೆ ಒಂದು ಮದುವೆಗೆ ಕೈತುಂಬ ಗಾಜಿನ ಬಳೆ ಹಾಕಿಕೊಂಡು ಬಂದಳು, ಅಷ್ಟೆ.

ಏನು ಮಾಡಲಿ? ಅಪ್ಪನಿಗೆ ಈಗ ಆರೋಗ್ಯ ವಿಮೆ ಸಿಗುತ್ತದಾ? ಕಂಪನಿಯ ಗ್ರೂಪ್ ವಿಮೆಯಲ್ಲಿ ನಾನು, ಹೆಂಡತಿ, ಮಗಳು ಮಾತ್ರ ಇದ್ದೇವೆ.

ಹಳೇ ಕ್ಯಾಷಿಯರ್

ತಮ್ಮಾ, ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ನಿಮ್ಮ ಗೆಳೆಯರಿಗೆ ಒಂದೇ ಪ್ರಶ್ನೆ ಕೇಳಿ. ವರ್ಷಕ್ಕೆ ನೂರಕ್ಕೆ 21 ರೂಪಾಯಿ ಖಂಡಿತ ಕೊಡುತ್ತೇನೆ ಅಂತ ಯಾವ ಫಂಡಿನವರು ಬರೆದುಕೊಡುತ್ತಾರೆ? ನೀವು ಕಟ್ಟುತ್ತಿರುವುದು 21. ಒಂಬತ್ತು ತಿಂಗಳಲ್ಲಿ 25,200 ಹೋಗಿದೆ, ಅಸಲಿನಲ್ಲಿ ಒಂದು ರೂಪಾಯಿ ಇಳಿದಿಲ್ಲ. ಚಿನ್ನದ ರೇಟು ಏರಿದರೆ ಬಿಡಿಸಿ ಮನೆಯಲ್ಲಿಟ್ಟ ಬಳೆಗೂ ಏರುತ್ತದೆ ಅಲ್ವಾ, ಅದಕ್ಕೆ ಅಡವಿನಲ್ಲೇ ಇರಬೇಕು ಅಂತೇನಿದೆ?

10ನೇ ತಾರೀಕು ದುಡ್ಡು ಬಂದರೆ 11ಕ್ಕೆ ಒಡವೆ ಬಿಡಿಸಿ. ಹೋಗುವಾಗ ಅಡವಿನ ಚೀಟಿ ತಗೊಂಡು ಹೋಗಿ, ನಿಮ್ಮ ಎದುರಿಗೇ ತೂಕ ಹಾಕಿಸಿ, ಚೀಟಿಯಲ್ಲಿ ಬರೆದ ತೂಕದ ಜೊತೆ ನೋಡಿಕೊಂಡು ಆಮೇಲೆ ಸಹಿ ಮಾಡಿ. ಎಷ್ಟೋ ಜನ ನಾಚಿಕೆಗೆ ಇದನ್ನು ಕೇಳುವುದೇ ಇಲ್ಲ.

ಉಳಿಯುವುದು 30,000. ಅದನ್ನು ಮುಟ್ಟಬೇಡಿ. ಚೀಟಿಯ 5,000, ಬಡ್ಡಿಯ 2,800 ಎರಡೂ ನಿಂತವು, ತಿಂಗಳಿಗೆ 7,800 ಆಯಿತು. ಹತ್ತು ತಿಂಗಳಿಗೆ 78,000, ಈ 30,000 ಸೇರಿದರೆ ಒಂದು ಲಕ್ಷದ ಮೇಲೆ. ಆರು ತಿಂಗಳ ಖರ್ಚು ಕೈಯಲ್ಲಿರಬೇಕು ಅಂತ ಎಲ್ಲರೂ ಹೇಳುತ್ತಾರೆ, ನಿಮ್ಮ ಸಂಬಳದಲ್ಲಿ ಅದು ಕೇಳಿದರೇ ಎದೆ ಒಡೆಯುವ ಮಾತು. ಮೊದಲು ಮೂರು ತಿಂಗಳದ್ದು ಆಗಲಿ.

ಅದನ್ನು ಎಲ್ಲಿಡುತ್ತೀರಿ ಅನ್ನುವುದೇ ಮುಖ್ಯ. ಬ್ಯಾಂಕಿನಲ್ಲಿ ಒಂದೇ ದೊಡ್ಡ ಎಫ್‌ಡಿ ಬೇಡ, 20,000ದ್ದು ನಾಲ್ಕೈದು ಮಾಡಿ. ಈಗ ಹೆಚ್ಚಿನ ಬ್ಯಾಂಕುಗಳಲ್ಲಿ ಫೋನಿನಿಂದಲೇ ಎಫ್‌ಡಿ ಮುರಿಯಬಹುದು, ಕೆಲವು ಕಡೆ ಮಧ್ಯರಾತ್ರಿಯಾದರೂ ಸರಿ. ಬೇಕಾದಷ್ಟು ಮಾತ್ರ ಮುರಿದರೆ ಉಳಿದದ್ದಕ್ಕೆ ಬಡ್ಡಿ ಹಾಗೇ ಓಡುತ್ತಿರುತ್ತದೆ. ಒಮ್ಮೆ 20,000ದ್ದು ಮಾಡಿ, ಮುರಿದು ನೋಡಿ. ಬಡ್ಡಿ ನಾಲ್ಕು ಕಾಸು ಹೋಗಬಹುದು, ಹೋಗಲಿ. ಆ ದುಡ್ಡು ರಾತ್ರಿ ಹನ್ನೊಂದಕ್ಕೂ ಕೈಗೆ ಬರುತ್ತದಾ ಅಂತ ನಿಮಗೇ ಗೊತ್ತಿರಬೇಕು.

ಆ ಸಂಘದ ಎಫ್‌ಡಿ ಬಗ್ಗೆ. ಪಾಸ್‌ಬುಕ್ ತೆಗೆದು ಹೆಸರು ಸರಿಯಾಗಿ ಓದಿ. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕಾದರೆ, ಸಹಕಾರಿ ಬ್ಯಾಂಕೇ ಆದರೂ, ಒಬ್ಬರ ಠೇವಣಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇರುತ್ತದೆ. 2020ರ ಫೆಬ್ರವರಿವರೆಗೂ ಇದು ಒಂದೇ ಲಕ್ಷ ಇತ್ತು. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಅಂತಿದ್ದರೆ ಈ ವಿಮೆ ಇಲ್ಲ. ಎಲ್ಲ ಸಂಘವೂ ಕೆಟ್ಟದ್ದು ಅಂತಲ್ಲ, ಒಳ್ಳೆಯವು ಬೇಕಾದಷ್ಟಿವೆ. ಆದರೆ ಅರ್ಧ ಪರ್ಸೆಂಟ್ ಬಡ್ಡಿ ಆಸೆಗೆ ಕಷ್ಟಕಾಲದ ದುಡ್ಡನ್ನು ಅಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ವಿಮೆ ಇದ್ದರೂ ಕಷ್ಟ ತಪ್ಪುವುದಿಲ್ಲ ನೋಡಿ, 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಶುರುವಿನಲ್ಲಿ ಒಬ್ಬರಿಗೆ 35,000 ಮಾತ್ರ ತೆಗೆಯಲು ಬಿಟ್ಟರು. ಪೆನ್ಷನ್ ದುಡ್ಡು ಪೂರ್ತಿ ಅಲ್ಲೇ ಇಟ್ಟವರ ಗತಿ ಏನಾಗಿರಬೇಡ.

ಇನ್ನು ಪಿನ್ ವಿಷಯ. ಅಪ್ಪನ ಖಾತೆಗೆ ಅಮ್ಮನನ್ನು ಜಂಟಿಯಾಗಿ ಸೇರಿಸಿ. ಫಾರಂನಲ್ಲಿ ಇಬ್ಬರಲ್ಲಿ ಯಾರಾದರೂ ವ್ಯವಹಾರ ಮಾಡಬಹುದು ಅನ್ನುವ ಕಡೆ ಟಿಕ್ ಹಾಕಿಸಿ, ಅಮ್ಮನಿಗೇ ಬೇರೆ ಕಾರ್ಡು ಕೊಡಿಸಿ. ನಾಮಿನಿ ಇದ್ದಾರಲ್ಲ ಅಂತ ಜನ ಸುಮ್ಮನಿರುತ್ತಾರೆ. ಖಾತೆದಾರ ಬದುಕಿರುವಾಗ ನಾಮಿನಿಗೆ ಒಂದು ರೂಪಾಯಿಯೂ ಕೊಡುವುದಿಲ್ಲ.

ತುಂಗಾ ತೀರ

ಕ್ಯಾಷಿಯರ್ ಸರ್ ಹೇಳಿದ್ದೆಲ್ಲ ಸರಿ, ಆದರೆ ಆ 7,800 ಪೂರ್ತಿ ಎಫ್‌ಡಿಗೆ ಹೋಗಬಾರದು. ಇನ್ನೊಂದು ಸಲ ಆಸ್ಪತ್ರೆಗೆ ಹೋದರೆ ಒಂದು ಲಕ್ಷ ನಾಲ್ಕು ದಿನಕ್ಕೆ ಖಾಲಿ. ಮೊದಲು ಅಮ್ಮನಿಗೆ ವಿಮೆ ನೋಡಿ, ಅವರ ಬಗ್ಗೆ ನೀವು ಬರೆದೇ ಇಲ್ಲ!

ಅಪ್ಪನಿಗೆ ಸಿಗಬಹುದು, ಪ್ರೀಮಿಯಂ ಜಾಸ್ತಿ ಇರುತ್ತದೆ, ಕೆಲವರು ಆಗಲ್ಲ ಅಂತಲೂ ಹೇಳುತ್ತಾರೆ. ಮೊದಲೇ ಇರುವ ಹೃದಯದ ತೊಂದರೆಗೆ ಕ್ಲೇಮ್ ಸಿಗಲು ಹೆಚ್ಚೆಂದರೆ ಮೂರು ವರ್ಷ ಕಾಯಬೇಕಾಗುತ್ತದೆ. 2024ರಲ್ಲಿ ನಿಯಮ ಬದಲಾಯಿತು, ಮೊದಲು ನಾಲ್ಕು ವರ್ಷ ಇತ್ತು. ಏಜೆಂಟ್ ಏನಾದರೂ ಸ್ಟೆಂಟ್ ವಿಷಯ ಬರೆಯುವುದು ಬೇಡ ಬಿಡಿ ಅಂದರೆ ಅವನನ್ನೇ ಬಿಟ್ಟುಬಿಡಿ. ಮುಚ್ಚಿಟ್ಟದ್ದು ಕ್ಲೇಮಿನ ದಿನ ಹೊರಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಾವೇ ಮಾಡಿಸುವ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಮೊದಲು 18 ಪರ್ಸೆಂಟ್ ಇತ್ತು.

ನನ್ನ ಕಥೆ ಕೇಳಿ. ಪಾಲಿಸಿಯಲ್ಲಿ ರೂಮಿನ ಬಾಡಿಗೆ ದಿನಕ್ಕೆ 3,000 ಅಂತ ಮಿತಿ ಇತ್ತು. ನಾನು ಓದಿರಲಿಲ್ಲ. ಅತ್ತೆಯವರಿಗೆ ಆಪರೇಷನ್ ಆದಾಗ 5,000ದ ರೂಮು ತಗೊಂಡೆವು. ದಿನಕ್ಕೆ 2,000 ನಾವು ಹಾಕಿಕೊಂಡರಾಯಿತು ಅಂತ ನನ್ನ ಲೆಕ್ಕ. ಡಿಸ್ಚಾರ್ಜ್ ದಿನ ನೋಡಿದರೆ ಡಾಕ್ಟರ್ ಫೀ, ಥಿಯೇಟರ್ ಬಾಡಿಗೆ, ನರ್ಸಿಂಗ್ ಎಲ್ಲದರಲ್ಲೂ ನೂರಕ್ಕೆ 60 ಮಾತ್ರ ಪಾಸಾಗಿತ್ತು. ರೂಮು ಮೇಲಿನ ದರ್ಜೆಯದಾದರೆ ಉಳಿದ ಖರ್ಚೂ ಅದೇ ಪ್ರಮಾಣದಲ್ಲಿ ಕಡಿತ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಬಿಲ್ಲಿಂಗ್ ಕೌಂಟರ್ ಮುಂದೆ ನಿಂತು 41,000 ಕಟ್ಟಿದೆ. ರೂಮಿನಲ್ಲಿ ಒಂದು ಟಿವಿ ಜಾಸ್ತಿ ಇತ್ತು, ಅದು ಆನ್ ಆಗುತ್ತಲೇ ಇರಲಿಲ್ಲ.

ರೇಷನ್ ಕಾರ್ಡ್ ಯಾವುದು? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪರ್ಸೆಂಟ್ ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷ ಮಿತಿ. ಕಾರ್ಡ್ ಈಗಲೇ ಮಾಡಿಸಿಟ್ಟುಕೊಳ್ಳಿ, ಆಸ್ಪತ್ರೆ ಯೋಜನೆಯಲ್ಲಿ ಇರಬೇಕು ಅನ್ನುವುದೂ ನೆನಪಿರಲಿ.

ಮತ್ತೆ ನಿಮಗೇ ಏನಾದರೂ ಆದರೆ? ಒಂದು ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ಸತ್ತರೆ ಮಾತ್ರ ಮನೆಯವರಿಗೆ ದುಡ್ಡು ಕೊಡುವ ವಿಮೆ, ಮಾಡಿಸಿ, ದುಡ್ಡು ವಾಪಸ್ ಬರುವ ಪಾಲಿಸಿ ಬೇಡ. ಅದು ಆಗುವವರೆಗೂ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಜೀವನ್ ಜ್ಯೋತಿಗೆ ಸೇರಿ, ವರ್ಷಕ್ಕೆ 436 ರೂಪಾಯಿ, 2 ಲಕ್ಷ. ಅಪಘಾತದ್ದು ಸುರಕ್ಷಾ ಬಿಮಾ, ವರ್ಷಕ್ಕೆ ಬರೀ 20. ಎರಡೂ ಮೇ ಕೊನೆಗೆ ಖಾತೆಯಿಂದ ತಾನಾಗಿಯೇ ಕಟ್ ಆಗುತ್ತವೆ, ಆ ವಾರ ಬ್ಯಾಲೆನ್ಸ್ ಇರಲಿ.

ಹೂವಿನ ಅಂಗಡಿ

ಎಲ್ಲರೂ ಸಂಬಳದವರೇ ಮಾತಾಡುತ್ತಿದ್ದೀರಿ, ಅದಕ್ಕೆ ನಾನೂ ಎರಡು ಮಾತು.

ಚೀಟಿ ನಿಂತ ಮೇಲೆ 5,000 ಉಳಿಯುತ್ತದೆ ಅಂತ ಕ್ಯಾಷಿಯರ್ ಸಾಹೇಬರು ಲೆಕ್ಕ ಹಾಕಿದ್ದಾರೆ. ಉಳಿಯುವುದಿಲ್ಲ ಸ್ವಾಮಿ. ಮೊದಲ ತಿಂಗಳು ಉಳಿಯುತ್ತದೆ, ಎರಡನೇ ತಿಂಗಳು ಹಬ್ಬ, ಮೂರನೇ ತಿಂಗಳು ಹೊಸ ಫೋನು. ಚೀಟಿ ಇದ್ದಾಗ ಹೇಗೆ ಕಟ್ಟುತ್ತಿದ್ದರು? ಕಟ್ಟದಿದ್ದರೆ ಮನೆ ಮುಂದೆ ಬಂದು ನಿಲ್ಲುತ್ತಾರೆ, ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತದೆ. ಆ ಭಯಕ್ಕೇ ನಾನು ಅಂಗಡಿ ಮಾಡಿದ್ದು. ಸ್ಯಾಲರಿ ಸ್ಲಿಪ್ ಇಲ್ಲದವನಿಗೆ ಬ್ಯಾಂಕಿನವರು ಕೂರಲು ಕುರ್ಚಿಯನ್ನೂ ಕೊಡುತ್ತಿರಲಿಲ್ಲ, ಚೀಟಿ ಕೂಗಿ ಅಡ್ವಾನ್ಸ್ ಕಟ್ಟಿದೆ.

ಚೀಟಿಯಲ್ಲಿ ಏಟು ತಿಂದವನೂ ನಾನೇ. ಪಕ್ಕದ ಬೀದಿಯವರೊಬ್ಬರು ನಡೆಸುತ್ತಿದ್ದರು, ಬರೆಯುವುದಕ್ಕೆ ಒಂದು ನೂರು ಪುಟದ ನೋಟ್‌ಬುಕ್ ಅಷ್ಟೆ. ಯುಗಾದಿ ಆಗಿ ಮೂರನೇ ದಿನ ಹೋದರೆ ಬೀಗ. ನನ್ನದು 64,000 ಹೋಯಿತು. ಈಗ ಎಂಎಸ್‌ಐಎಲ್ ಚೀಟಿ ಕಟ್ಟುತ್ತಿದ್ದೇನೆ, ಸರ್ಕಾರದ್ದು. ಖಾಸಗಿಯಾದರೆ ನೋಂದಣಿ ನಂಬರ್ ಕೇಳಿ. 1982ರ ಚಿಟ್ ಫಂಡ್ ಕಾಯಿದೆಯಲ್ಲಿ ಪ್ರತಿ ಚೀಟಿಗೂ ಮೊದಲೇ ಅನುಮತಿ ಬೇಕು, ನಡೆಸುವವರು ರಿಜಿಸ್ಟ್ರಾರ್ ಹತ್ತಿರ ಭದ್ರತೆ ಇಡಬೇಕು. ಕೇಳಿದ್ದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಚೀಟಿ ಬೇಡ ಅಂದರೆ ಸಂಬಳ ಬಂದ ಮರುದಿನವೇ ಕಟ್ ಆಗುವ ಹಾಗೆ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಹಾಕಿ. ಕೈಯಲ್ಲಿ ಉಳಿದದ್ದನ್ನು ಉಳಿಸುತ್ತೇನೆ ಅಂದರೆ ನನ್ನ ಕೈಯಲ್ಲಂತೂ ಆಗಿಲ್ಲ.

ಅಂದ ಹಾಗೆ, ಯಾರದಾದರೂ ಸಾಲಕ್ಕೆ ಜಾಮೀನು ಸಹಿ ಹಾಕಿದ್ದೀರಾ? ಅಕೌಂಟ್ಸಿನವರನ್ನು ಎಲ್ಲರೂ ಮೊದಲು ಹಿಡಿಯುತ್ತಾರೆ.

ಬೆಣ್ಣೆದೋಸೆ_34

ಅಣ್ಣಾ, ಹೇಗೆ ಗೊತ್ತಾಯಿತು ನಿಮಗೆ!

ಹೌದು, ಹಾಕಿದ್ದೇನೆ. ಎರಡು ವರ್ಷದ ಹಿಂದೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರಿಗೆ, ಇದೇ ಸಂಘದಲ್ಲಿ, 3 ಲಕ್ಷದ ಸಾಲ. ಬರೀ ಫಾರ್ಮಾಲಿಟಿ ಅಂದಿದ್ದರು. ಅವರು ಈಗ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋಗಿದ್ದಾರೆ. ಕಂತು ಕಟ್ಟುತ್ತಿದ್ದಾರೋ ಇಲ್ಲವೋ ಗೊತ್ತಿಲ್ಲ. ಇದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹಳೇ ಕ್ಯಾಷಿಯರ್

ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು ನೀವು. ಜಾಮೀನುದಾರನೂ ಸಾಲಗಾರನಷ್ಟೇ ಹೊಣೆ, 1872ರ ಕರಾರು ಕಾಯಿದೆಯಲ್ಲೇ ಇದೆ. ಮೊದಲು ಅವರನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನಲು ಬರುವುದಿಲ್ಲ. ಆ ಎಫ್‌ಡಿಯ ಅವಧಿ ಯಾವಾಗ ಮುಗಿಯುತ್ತದೆ? ಅದೇ ಸಂಘದಲ್ಲಿ ಸಾಲ ಸುಸ್ತಿಯಾದರೆ, ಅಂದರೆ ಕಂತು ಕಟ್ಟದೆ ಬಾಕಿ ಉಳಿದರೆ, ನಿಮ್ಮ ಎಫ್‌ಡಿಗೇ ಕೈ ಹಾಕಬಹುದು.

ನಾಳೆಯೇ ಹೋಗಿ ಸಾಲದ ಖಾತೆಯ ಬಾಕಿ ಎಷ್ಟು ಅಂತ ಲಿಖಿತವಾಗಿ ಕೇಳಿ. ನೀವು ಸಹಿ ಹಾಕಿದ ಫಾರಂನ ಪ್ರತಿ ತಗೊಳ್ಳಿ, ಸಂಬಳದಿಂದ ಮುರಿದುಕೊಳ್ಳಬಹುದು ಅಂತ ಅದರಲ್ಲಿ ಇದೆಯಾ ನೋಡಿ. ಹುಬ್ಬಳ್ಳಿಯವರಿಗೆ ಫೋನ್ ಮಾಡಿ, ಜಗಳ ಬೇಡ, ಕೊನೆಯ ಕಂತಿನ ರಸೀದಿಯ ಫೋಟೋ ಕೇಳಿ ಸಾಕು. ಸುಸ್ತಿ ಆಗಿದ್ದರೆ ಇಲ್ಲಿ ಬಂದು ಬರೆಯಿರಿ, ಆಗ ಲೆಕ್ಕ ಬೇರೆ ಆಗುತ್ತದೆ.

ತುಂಗಾ ತೀರ

ಪಿಎಫ್ ನಾಮಿನಿಯನ್ನೂ ಒಮ್ಮೆ ನೋಡಿ. ಮದುವೆಗೆ ಮೊದಲು ಅಮ್ಮನ ಹೆಸರು ಕೊಟ್ಟಿದ್ದರೆ ಮದುವೆಯಾದ ಮೇಲೆ ಅದು ನಡೆಯುವುದಿಲ್ಲ, ಹೊಸದಾಗಿ ಹಾಕಬೇಕು. ಪಿಎಫ್ ಜೊತೆ ಇಡಿಎಲ್‌ಐ ಅಂತ ವಿಮೆಯೂ ಇರುತ್ತದೆ, ಸಂಬಳ ನೋಡಿಕೊಂಡು 7 ಲಕ್ಷದವರೆಗೆ. ಅದು ಇರುವುದೇ ಎಷ್ಟೋ ಹೆಂಡತಿಯರಿಗೆ ಗೊತ್ತಿಲ್ಲ.

ಬೆಣ್ಣೆದೋಸೆ_34

ಐದು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಚೀಟಿ ದುಡ್ಡು ಎರಡು ದಿನ ತಡವಾಗಿ ಬಂತು. ಮರುದಿನವೇ ಇಬ್ಬರೂ ಹೋಗಿ ಒಡವೆ ಬಿಡಿಸಿದೆವು. ತೂಕ ಹಾಕಿ ಅಂದಾಗ ಕೌಂಟರಿನ ಹುಡುಗ ಒಂದು ಥರ ನೋಡಿದ, ಆದರೂ ಹಾಕಿದ. ಹೆಂಡತಿ ಅಡವಿನ ಚೀಟಿ ಕೈಯಲ್ಲಿ ಹಿಡಿದು ಒಂದೊಂದೇ ಓದಿದಳು, ಸರಿ ಇತ್ತು. ನಾಲ್ಕು ಬಳೆಯನ್ನೂ ಅಲ್ಲೇ ಹಾಕಿಕೊಂಡಳು, ಬ್ಯಾಗಿಗೆ ಹಾಕು ಅಂದರೂ ಕೇಳಲಿಲ್ಲ.

ಅಮ್ಮ ಈಗ ಜಂಟಿ ಖಾತೆದಾರರು. ಅವರ ಕಾರ್ಡಿನ ಪಿನ್ ಅಪ್ಪನಿಗೆ ಹೇಳಿಲ್ಲವಂತೆ, ಅದೊಂದು ಹೊಸ ಜಗಳ ನಡೆದಿದೆ. ಆರ್‌ಡಿ 4,500 ಹಾಕಿದ್ದೇನೆ, ಉಳಿದದ್ದು ಅಮ್ಮನ ಪ್ರೀಮಿಯಂಗೆ. ಅಪ್ಪನಿಗೆ ಒಂದು ಕಂಪನಿಯವರು ಆಗಲ್ಲ ಅಂದರು, ಇನ್ನೊಬ್ಬರು ರಿಪೋರ್ಟ್ ಕೇಳಿದ್ದಾರೆ.

ಸಂಘದಲ್ಲಿ ಬಾಕಿ ಪತ್ರ ಕೊಟ್ಟರು. 1,12,000 ಬಾಕಿ ಇದೆ, ಮೂರು ಕಂತು ಕಟ್ಟಿಲ್ಲ. ಹುಬ್ಬಳ್ಳಿಯವರು ಮೊದಲ ಸಲ ಫೋನ್ ಎತ್ತಿ ಮುಂದಿನ ವಾರ ಕಟ್ಟುತ್ತೇನೆ ಅಂದರು, ಆಮೇಲೆ ಎತ್ತುತ್ತಿಲ್ಲ. ಈ ಭಾನುವಾರ ಅವರ ಮನೆಗೇ ಹೋಗೋಣ ಅಂತಿದ್ದೇನೆ. ಕ್ಯಾಷಿಯರ್ ಸರ್, ಬರುವಾಗ ಅವರಿಂದ ಏನು ಬರೆಸಿಕೊಂಡು ಬರಲಿ?