ನಗರದ ನಡುವೆ ಅಂಗವಿಕಲರಿಗೆ ಮನೆ: ಹಣ ಎಲ್ಲಿಂದ, ಎಷ್ಟು ಕಾಲಕ್ಕೆ? (ಪ್ರಶ್ನೋತ್ತರ)

ನಿರ್ವಾಹಕರು: ಅಂಗವಿಕಲರು ಸ್ವತಂತ್ರವಾಗಿ ಬಳಸಬಹುದಾದ ಮನೆಗಳನ್ನು ನಗರದ ನಡುಭಾಗದಲ್ಲಿ ಕಟ್ಟುವ ಯೋಜನೆಗಳಿಗೆ ಹಣಕಾಸು ಹೊಂದಿಸಿಕೊಡುವ ಸಲಹೆಗಾರ್ತಿಯೊಬ್ಬರು ಇಲ್ಲಿ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಸದಸ್ಯರು ಬೇರೆ ಬೇರೆ ದೇಶಗಳಲ್ಲಿರುವುದರಿಂದ ನಿಮ್ಮ ಪ್ರಶ್ನೆ ಯಾವ ದೇಶಕ್ಕೆ ಸಂಬಂಧಿಸಿದ್ದು ಎಂಬುದನ್ನು ದಯವಿಟ್ಟು ತಿಳಿಸಿ. ಫಾರ್ವರ್ಡ್ ಸಂದೇಶಗಳನ್ನು ಹಾಕಬೇಡಿ.

ವೀಲ್‌ಚೇರ್ ಬಳಸುವ ಸದಸ್ಯ: ನಮಸ್ಕಾರ ಮೇಡಂ. ನಗರದ ಹೊರಗೆ ಜಾಗ ಅಗ್ಗವಾಗಿ ಸಿಗುವಾಗ ದುಬಾರಿ ನಡುಭಾಗದಲ್ಲಿಯೇ ಮನೆ ಏಕೆ ಬೇಕು, ಅದೇ ಹಣದಲ್ಲಿ ಹೊರಗೆ ಹೆಚ್ಚು ಮನೆ ಕಟ್ಟಬಹುದಲ್ಲ ಎಂದು ಹಣ ಮಂಜೂರು ಮಾಡುವವರು ಕೇಳುತ್ತಾರೆ. ಇದಕ್ಕೆ ಲೆಕ್ಕದ ಭಾಷೆಯಲ್ಲಿ ಉತ್ತರ ಕೊಡುವುದು ಹೇಗೆ?

ಸಲಹೆಗಾರ್ತಿ: ನಮಸ್ಕಾರ. ಅವರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ಅರ್ಧ ಲೆಕ್ಕ. ಜಾಗದ ಬೆಲೆ ಯೋಜನೆಯ ಖಾತೆಯಲ್ಲಿ ಒಮ್ಮೆ ಬರುತ್ತದೆ. ಆಸ್ಪತ್ರೆಗೆ ಹೋಗಿಬರುವ ಬಾಡಿಗೆ ವಾಹನ, ದೂರದ ಕಾರಣಕ್ಕೆ ಬಿಟ್ಟುಹೋದ ಕೆಲಸ, ಆರೈಕೆಗೆ ಬರುವವರು ದಾರಿಯಲ್ಲಿ ಕಳೆಯುವ ಗಂಟೆಗಳು, ಇವೆಲ್ಲ ಅಲ್ಲಿ ವಾಸಿಸುವವರ ಖಾತೆಯಲ್ಲಿ ಪ್ರತಿ ತಿಂಗಳೂ ಬರುತ್ತವೆ. ಅಕ್ಕಪಕ್ಕದ ಬೀದಿಗಳಲ್ಲಿ ಮೂವರನ್ನು ನೋಡಿಕೊಳ್ಳಬಲ್ಲ ಆರೈಕೆದಾರರು ಊರಾಚೆಗೆ ಒಬ್ಬರಿಗಾಗಿ ಬರಲು ಒಪ್ಪುವುದು ಕಡಿಮೆ. ಎರಡೂ ಖಾತೆಗಳನ್ನು ಮೂವತ್ತು ವರ್ಷಗಳಿಗೆ ವಿಸ್ತರಿಸಿ ಅಕ್ಕಪಕ್ಕ ಇಟ್ಟು ತೋರಿಸಿ. ಎಲ್ಲಿ ಮತ್ತು ಯಾರೊಡನೆ ವಾಸಿಸಬೇಕೆಂಬ ಆಯ್ಕೆ ಅಂಗವಿಕಲರಿಗೂ ಇತರರಷ್ಟೇ ಇರಬೇಕು ಎಂದು ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 19ನೇ ವಿಧಿ ಹೇಳುತ್ತದೆ, ಅದನ್ನೂ ಅರ್ಜಿಯಲ್ಲಿ ಬರೆಯಿರಿ. ಆದರೆ ವಿಧಿಯೊಂದೇ ಹಣ ತರುವುದಿಲ್ಲ. ಮೊದಲು ಕೇಳಬೇಕಾದದ್ದು ಜಾಗ: ಸಾರ್ವಜನಿಕ ಸಂಸ್ಥೆಗಳ ಬಳಿ ನಡುಪೇಟೆಯಲ್ಲಿ ವಾಹನ ನಿಲುಗಡೆಯ ಬಯಲು, ಖಾಲಿ ಕಚೇರಿ ಇದ್ದೇ ಇರುತ್ತವೆ. ಅವನ್ನು ದೀರ್ಘಾವಧಿಯ ಗುತ್ತಿಗೆಗೆ ಪಡೆದರೆ ನಡುಭಾಗಕ್ಕೂ ಹೊರವಲಯಕ್ಕೂ ಇರುವ ವೆಚ್ಚದ ಅಂತರ ಬಹುಪಾಲು ಕರಗುತ್ತದೆ.

ಹೊಸ ಸದಸ್ಯೆ: ಅನುದಾನ ಯಾವುದಾದರೂ ಇದೆಯೇ ಮೇಡಂ?

ಸಲಹೆಗಾರ್ತಿ: ಯಾವ ದೇಶ, ಹೊಸ ಮನೆಯೇ ಅಥವಾ ಇರುವ ಮನೆಯ ಮಾರ್ಪಾಡೇ ಎಂದು ತಿಳಿಸಿ.

ಅಮೆರಿಕದಲ್ಲಿರುವ ಸದಸ್ಯ: ಅಂಗವಿಕಲರ ವಸತಿಗೆ ಫೆಡರಲ್ ಸರ್ಕಾರ ನೆರವು ಕೊಡುವ ಇಲ್ಲಿನ ಸೆಕ್ಷನ್ 811 ಯೋಜನೆಯನ್ನು ನೆಚ್ಚಿಕೊಂಡು ಒಂದು ಸಣ್ಣ ಸಂಸ್ಥೆ ಕಟ್ಟಡ ಕಟ್ಟಬಹುದೇ?

ಸಲಹೆಗಾರ್ತಿ: ಅದೊಂದನ್ನೇ ನೆಚ್ಚಿ ಕಟ್ಟಬೇಡಿ. ಆ ಯೋಜನೆಯ ಮೂಲ ರಚನೆಯಲ್ಲಿ ಎರಡು ಭಾಗಗಳಿದ್ದವು: ಕಟ್ಟಲು ಬಡ್ಡಿಯಿಲ್ಲದ ಮುಂಗಡ, ಮತ್ತು ನಿವಾಸಿ ಕೊಡಬಲ್ಲ ಬಾಡಿಗೆಗೂ ಕಟ್ಟಡ ನಡೆಸುವ ವೆಚ್ಚಕ್ಕೂ ನಡುವಿನ ಅಂತರವನ್ನು ತುಂಬುವ ನೆರವು. ಮನೆಗಳು 40 ವರ್ಷ ಅತಿ ಕಡಿಮೆ ಆದಾಯದ ಅಂಗವಿಕಲರಿಗೇ ಉಳಿದರೆ ಮುಂಗಡವನ್ನು ಹಿಂದಿರುಗಿಸಬೇಕಾಗಿಲ್ಲ. 2010ರ ತಿದ್ದುಪಡಿಯಿಂದ ಬಂದ ಬಾಡಿಗೆ ನೆರವಿನ ದಾರಿ ಬೇರೆ: ಅದು ಇತರ ಮೂಲಗಳ ಹಣದಿಂದ ಕಟ್ಟಿದ ಸಾಮಾನ್ಯ ಕಟ್ಟಡಗಳಲ್ಲಿ ಕೆಲವು ಮನೆಗಳಿಗೆ ಸಿಗುತ್ತದೆ, ಮತ್ತು ಒಂದು ಕಟ್ಟಡದಲ್ಲಿ ಶೇ. 25ಕ್ಕಿಂತ ಹೆಚ್ಚು ಮನೆಗಳನ್ನು ಅಂಗವಿಕಲರಿಗೆಂದೇ ಮೀಸಲಿಡುವಂತಿಲ್ಲ. ಆದ್ದರಿಂದ ಸಣ್ಣ ಸಂಸ್ಥೆಗೆ ಒಳ್ಳೆಯ ದಾರಿಯೆಂದರೆ, 1986ರ ತೆರಿಗೆ ಕಾನೂನಿನಿಂದ ಬಂದ ಕಡಿಮೆ ಆದಾಯದ ವಸತಿಯ ತೆರಿಗೆ ರಿಯಾಯಿತಿಯಡಿ ಕಟ್ಟುತ್ತಿರುವ ದೊಡ್ಡ ಸಂಸ್ಥೆಯೊಡನೆ ನಕ್ಷೆಯ ಹಂತದಲ್ಲಿಯೇ ಸೇರಿಕೊಂಡು, ನಿಮ್ಮ ಜನರಿಗೆ ಬೇಕಾದ ಮನೆಗಳನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವುದು.

ಶ್ರವಣದೋಷವುಳ್ಳ ಸದಸ್ಯೆ: ಬೆಂಕಿಯ ಎಚ್ಚರಿಕೆಗೆ ಬೆಳಕಿನ ಸಂಕೇತ, ಬಾಗಿಲ ಕರೆಗೆ ಕಂಪನದ ಸಾಧನ, ಇವುಗಳ ವೆಚ್ಚವನ್ನು ಯೋಜನೆಯ ಮೂಲ ಅಂದಾಜಿನಲ್ಲಿ ಸೇರಿಸಬಹುದೇ, ಅಥವಾ ನಿವಾಸಿಗಳೇ ಭರಿಸಬೇಕೇ?

ಹಿರಿಯ ಸದಸ್ಯ: ನನಗೆ ಬಂದ ಸಂದೇಶ ಇದು, ಎಲ್ಲರಿಗೂ ಉಪಯೋಗವಾಗಲಿ: "ಅಂಗವಿಕಲ ಗುರುತಿನ ಚೀಟಿ ಇರುವ ಪ್ರತಿಯೊಬ್ಬರಿಗೂ ನಗರದಲ್ಲಿ ಸಂಪೂರ್ಣ ಉಚಿತ ಫ್ಲ್ಯಾಟ್. ಕೊನೆಯ ದಿನ ನಾಳೆ. ಲಿಂಕ್ ಒತ್ತಿ, ಚೀಟಿಯ ಪ್ರತಿ ಹಾಕಿ, ನೋಂದಣಿ ಶುಲ್ಕ ಪಾವತಿಸಿ."

ಸಲಹೆಗಾರ್ತಿ: ದಯವಿಟ್ಟು ಇದನ್ನು ಅಳಿಸಿ. ಕಟ್ಟಡದ ವಿಳಾಸ, ಆಯ್ಕೆಯ ಮಾನದಂಡ, ಹಂಚಿಕೆ ಮಾಡುವ ಪ್ರಾಧಿಕಾರದ ಹೆಸರು, ಈ ಮೂರರಲ್ಲಿ ಒಂದೂ ಇಲ್ಲದೆ ಕೊನೆಯ ದಿನ ಮತ್ತು ಶುಲ್ಕ ಮಾತ್ರ ಇರುವ ಯಾವ ಸಂದೇಶವನ್ನೂ ನಂಬಬೇಡಿ. ಮನೆಗಾಗಿ ವರ್ಷಗಟ್ಟಲೆ ಕಾದವರ ಆಸೆಯೇ ಇಂಥವರ ಬಂಡವಾಳ. ಗುರುತಿನ ಚೀಟಿಯ ಪ್ರತಿಯನ್ನು ಈಗಾಗಲೇ ಕಳುಹಿಸಿದವರು ಅದನ್ನು ನೀಡಿದ ಕಚೇರಿಗೂ ಬ್ಯಾಂಕಿಗೂ ಇಂದೇ ತಿಳಿಸಿ.

ಹಿರಿಯ ಸದಸ್ಯ: ಭಾರತದಲ್ಲಿ ಶೇ. 5 ಮೀಸಲಾತಿ ಕಾನೂನಿನಲ್ಲಿಯೇ ಇದೆಯಲ್ಲ, ಸಂದೇಶ ಸುಳ್ಳು ಎಂದು ಹೇಗೆ ಹೇಳುತ್ತೀರಿ?

ಸಲಹೆಗಾರ್ತಿ: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 37ನೇ ಕಲಮು ವಸತಿ ಯೋಜನೆಗಳ ಹಂಚಿಕೆಯಲ್ಲಿ ಶೇ. 5 ಮೀಸಲು ಇಡಲು ಹೇಳುತ್ತದೆ, ಅದರ ಲಾಭ ನಿಗದಿತ ಪ್ರಮಾಣದ ಅಂಗವೈಕಲ್ಯ ಉಳ್ಳವರಿಗೆ. ಅದು ಉಚಿತ ಮನೆಯ ಭರವಸೆಯಲ್ಲ. ಹಂಚಿಕೆಯಾದ ಮನೆಯ ಬಾಗಿಲೊಳಗೆ ವೀಲ್‌ಚೇರ್ ಹೋಗುತ್ತದೆ ಎಂಬ ಭರವಸೆಯೂ ಅಲ್ಲ. ಕಟ್ಟಡದ ನಕ್ಷೆ ನಿಗದಿತ ಮಾನದಂಡಗಳಿಗೆ ಅನುಗುಣವಾಗಿ ಇಲ್ಲದಿದ್ದರೆ ಅನುಮತಿ ಕೊಡಬಾರದು ಎಂದು ಹೇಳುವುದು 44ನೇ ಕಲಮು. ಅರ್ಜಿಯಲ್ಲಿ ಎರಡನ್ನೂ ಉಲ್ಲೇಖಿಸಿ, ಬಾಗಿಲಿನ ಅಗಲ ಮತ್ತು ಸ್ನಾನದ ಮನೆಯ ಅಳತೆಯನ್ನು ಲಿಖಿತವಾಗಿ ಕೇಳಿ.

ಒಬ್ಬ ತಾಯಿ: ಮೇಡಂ, ನಾವು ಆರು ಕುಟುಂಬಗಳು. ನಮ್ಮ ಮಕ್ಕಳು ಈಗ ವಯಸ್ಕರು. ಕೆಲವರಿಗೆ ಬೌದ್ಧಿಕ ಅಂಗವೈಕಲ್ಯ, ಇಬ್ಬರು ವೀಲ್‌ಚೇರ್ ಬಳಸುತ್ತಾರೆ. ನಮ್ಮ ನಂತರ ಅವರು ಒಟ್ಟಿಗೆ ಇರಲೆಂದು ನಗರದ ನಡುವೆ ಹಳೆಯ ಕಟ್ಟಡವೊಂದರ ಎರಡನೇ ಅಂತಸ್ತನ್ನು ಕೊಳ್ಳಲು ನಿರ್ಧರಿಸಿದ್ದೇವೆ. ಕ್ರಯವಾದ ಮೇಲೆ ಲಿಫ್ಟ್ ಹಾಕಿ, ಸ್ನಾನದ ಮನೆ ಬದಲಿಸಿಕೊಡುವುದಾಗಿ ಬಿಲ್ಡರ್ ಮಾತು ಕೊಟ್ಟಿದ್ದಾರೆ. ಕ್ರಯಪತ್ರವನ್ನು ಸದ್ಯಕ್ಕೆ ಒಂದು ಕುಟುಂಬದ ಹೆಸರಿನಲ್ಲಿ ಮಾಡಿಸಿ, ನಮ್ಮ ನಮ್ಮ ಮನೆಗಳನ್ನು ಮಾರಿ ಹಣ ಸೇರಿಸುತ್ತೇವೆ. ಕೊರತೆ ಬೀಳುವ ಸ್ವಲ್ಪ ಭಾಗಕ್ಕೆ ಸಾಲವೋ ಅನುದಾನವೋ ಸಿಗುತ್ತದೆಯೇ?

ಸಲಹೆಗಾರ್ತಿ: ಅಮ್ಮ, ಕೊರತೆಯ ಭಾಗದ ಬಗ್ಗೆ ಆಮೇಲೆ ಮಾತನಾಡೋಣ. ಈ ಉತ್ತರವನ್ನು ಆರೂ ಕುಟುಂಬದವರು ಓದುವವರೆಗೆ ಯಾರೂ ಮನೆ ಮಾರಬೇಡಿ, ಮುಂಗಡ ಕೊಡಬೇಡಿ.

ಲಿಫ್ಟಿನಿಂದ ಆರಂಭಿಸುತ್ತೇನೆ. ಲಿಫ್ಟ್ ನೀವು ಕೊಳ್ಳುವ ಅಂತಸ್ತಿನೊಳಗೆ ಬರುವುದಿಲ್ಲ, ಎಲ್ಲರ ಪಾಲಿನ ಜಾಗದಲ್ಲಿ ಬರುತ್ತದೆ. ಉಳಿದ ಮಾಲೀಕರು ಬರೆದುಕೊಡದೆ, ರಚನಾ ಎಂಜಿನಿಯರ್ ಆ ಹಳೆಯ ಕಟ್ಟಡವನ್ನು ಪರಿಶೀಲಿಸದೆ ಬಿಲ್ಡರ್ ಕೊಟ್ಟ ಮಾತಿಗೆ ಬೆಲೆಯಿಲ್ಲ. ಒಂದೇ ಲಿಫ್ಟ್ ಇದ್ದು ಅದು ಕೆಟ್ಟರೆ ವೀಲ್‌ಚೇರ್ ಬಳಸುವ ಇಬ್ಬರೂ ರಿಪೇರಿ ಆಗುವವರೆಗೆ ಹೊರಗೆ ಬರಲಾರರು. ಬೆಂಕಿ ಬಿದ್ದಾಗ ಸಾಮಾನ್ಯ ಲಿಫ್ಟನ್ನು ಬಳಸುವಂತೆಯೇ ಇಲ್ಲ. ರಾತ್ರಿ ಒಬ್ಬರೇ ಆರೈಕೆದಾರರು ಇರುವಾಗ ಆರು ಜನರನ್ನು ಎರಡನೇ ಅಂತಸ್ತಿನಿಂದ ಇಳಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದೆ ನಾನಾದರೆ ಮುಂದಿನ ಪುಟ ತೆರೆಯುವುದಿಲ್ಲ.

ಇನ್ನು ಹೆಸರು. ಒಂದು ಕುಟುಂಬದ ಹೆಸರಿನಲ್ಲಿ ಕ್ರಯಪತ್ರವಾದರೆ ಉಳಿದ ಐವರ ಬಳಿ ಇರುವುದು ನಂಬಿಕೆ ಮಾತ್ರ. ಆ ಕುಟುಂಬದವರು ಒಳ್ಳೆಯವರೇ ಆಗಿರಬಹುದು, ಆದರೆ ಅವರಿಗೆ ಸಾಲವಾದರೆ, ವಿಚ್ಛೇದನವಾದರೆ, ಅವರು ತೀರಿಕೊಂಡು ವಾರಸುದಾರರು ಬಂದರೆ, ನಿಮ್ಮ ಮಗುವಿನ ಕೋಣೆ ಬೇರೆಯವರ ಆಸ್ತಿಯ ಭಾಗವಾಗಿರುತ್ತದೆ. ಟ್ರಸ್ಟ್ ಅಥವಾ ಸಹಕಾರ ಸಂಘ ನೋಂದಾಯಿಸಿ, ಆಸ್ತಿ ಅದರ ಹೆಸರಿನಲ್ಲಿರಲಿ, ಪ್ರತಿ ನಿವಾಸಿಯ ವಾಸದ ಹಕ್ಕು ಪ್ರತ್ಯೇಕ ಪತ್ರದಲ್ಲಿರಲಿ. ಮಕ್ಕಳ ಹೆಸರಿಗೇ ಹಣ ಹಾಕುವ ಮೊದಲು ವಕೀಲರನ್ನು ಕೇಳಿ, ಏಕೆಂದರೆ ಕೆಲವು ದೇಶಗಳಲ್ಲಿ ಆಸ್ತಿ ಒಂದು ಮಿತಿ ದಾಟಿದರೆ ಮಾಸಾಶನ ನಿಲ್ಲುತ್ತದೆ. ಅಮೆರಿಕದ ಪೂರಕ ಭದ್ರತಾ ಆದಾಯ (SSI) ಎಂಬ ಮಾಸಾಶನಕ್ಕೆ ಒಬ್ಬ ವ್ಯಕ್ತಿಯ ಲೆಕ್ಕಕ್ಕೆ ಬರುವ ಆಸ್ತಿಯ ಮಿತಿ 2,000 ಡಾಲರ್ ಮಾತ್ರ. ಸ್ವತಃ ವಾಸಿಸುವ ಮನೆಯನ್ನು ಅದರಲ್ಲಿ ಸೇರಿಸುವುದಿಲ್ಲ, ಬ್ಯಾಂಕಿನ ಠೇವಣಿಯನ್ನು ಸೇರಿಸುತ್ತಾರೆ.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದದ್ದು ನಿಮ್ಮ ಪತ್ರದಲ್ಲಿ ಬರೆಯದೆ ಬಿಟ್ಟ ವಿಷಯ. ಇರುವ ಹಣವೆಲ್ಲ ಗೋಡೆಗೆ ಹೋದ ಮೇಲೆ ಮನೆ ನಡೆಯುವುದು ಯಾವುದರಿಂದ? ಇಂಥ ಮನೆಗಳು ಕಟ್ಟಲು ಹಣವಿಲ್ಲದೆ ನಿಲ್ಲುವುದಕ್ಕಿಂತ, ಕಟ್ಟಿದ ಮೇಲೆ ನಡೆಸಲು ಹಣವಿಲ್ಲದೆ ಕೈಬಿಟ್ಟು ಹೋಗುವುದು ಹೆಚ್ಚು ಕ್ರೂರ, ಏಕೆಂದರೆ ಆಗ ಒಳಗೆ ಜನರಿರುತ್ತಾರೆ. ಕಟ್ಟಡದ ಹಣ, ವಾರ್ಷಿಕ ನಿರ್ವಹಣೆ, ಲಿಫ್ಟ್ ಮತ್ತು ಕೊಳಾಯಿಗಳನ್ನು ಮುಂದೊಂದು ದಿನ ಬದಲಿಸಲು ಮೀಸಲು ನಿಧಿ, ಆರೈಕೆಯ ಸಂಬಳ, ಇವನ್ನು ನಾಲ್ಕು ಪ್ರತ್ಯೇಕ ಲೆಕ್ಕಗಳಾಗಿ ಬರೆಯಿರಿ. ನಿಮ್ಮಲ್ಲಿ ಅತಿ ಕಿರಿಯ ಮಗುವಿಗೆ ಈಗಿನ ನಿಮ್ಮ ವಯಸ್ಸಾದಾಗ, ಪೋಷಕರು ಯಾರೂ ಇಲ್ಲದಿದ್ದಾಗ, ನಾಲ್ಕೂ ಲೆಕ್ಕಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಆ ವರ್ಷದ ಹಾಳೆಯನ್ನೇ ತುಂಬಿಸಿ ನೋಡಿ. ಠೇವಣಿಯ ಬಡ್ಡಿ ಇಳಿಯಬಹುದು, ಆರೈಕೆಯ ಸಂಬಳ ಇಳಿಯುವುದಿಲ್ಲ. ಒಂದು ಕೋಣೆ ಅರ್ಧ ವರ್ಷ ಖಾಲಿ ಉಳಿದರೆ ಆ ಪಾಲನ್ನು ಯಾರು ಭರಿಸುತ್ತಾರೆ ಎಂಬುದೂ ಅದರಲ್ಲಿರಬೇಕು.

ಮನೆಯ ಮಾಲೀಕತ್ವವನ್ನೂ ಆರೈಕೆಯನ್ನೂ ಒಂದೇ ಕೈಗೆ ಕೊಡಬೇಡಿ. ಎರಡೂ ಒಬ್ಬರಲ್ಲಿದ್ದರೆ ಕೆಟ್ಟ ಆರೈಕೆಯ ವಿರುದ್ಧ ದೂರು ಕೊಟ್ಟವರು ಮನೆಯನ್ನೇ ಕಳೆದುಕೊಳ್ಳುವ ಭಯದಲ್ಲಿ ಬದುಕುತ್ತಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ ವಿಶೇಷ ವಸತಿಯ ಹಣವನ್ನೂ ಆರೈಕೆಯ ಹಣವನ್ನೂ ಬೇರೆ ಬೇರೆಯಾಗಿ ಕೊಡುವುದರ ಹಿಂದೆ ಈ ವಿವೇಕವಿದೆ. ನನ್ನ ಸಲಹೆ: ನೆಲ ಅಂತಸ್ತು ಹುಡುಕಿ, ಮುಂದೆ ಕೊಳ್ಳುವ ಹಕ್ಕಿನೊಂದಿಗೆ ಮೊದಲು ಗುತ್ತಿಗೆಗೆ ಪಡೆದು, ಎರಡು ಕುಟುಂಬಗಳಿಂದ ಆರಂಭಿಸಿ. ಮಕ್ಕಳು ಅಲ್ಲಿ ಇರಲು ಇಷ್ಟಪಡುತ್ತಾರೆಯೇ ಎಂದು ಅವರನ್ನೇ ಕೇಳಿ. ನಿಮ್ಮ ಪತ್ರದಲ್ಲಿ ಅದೂ ಇಲ್ಲ.

ಸಂಘವೊಂದರ ಕಾರ್ಯದರ್ಶಿ: ಮೇಡಂ ಅನಗತ್ಯವಾಗಿ ಹೆದರಿಸುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಅಂಗವಿಕಲರಿಗೆಂದೇ ಒಂದು ದೊಡ್ಡ ಕಟ್ಟಡ ಕಟ್ಟಿ, ಒಂದೇ ಕಡೆ ವೈದ್ಯರು, ಅಡುಗೆ, ಆರೈಕೆ ಒದಗಿಸಿದರೆ ತಲಾ ವೆಚ್ಚ ಇಳಿಯುತ್ತದೆ ಮತ್ತು ದಾನಿಗಳೂ ಮುಂದೆ ಬರುತ್ತಾರೆ.

ವೀಲ್‌ಚೇರ್ ಬಳಸುವ ಸದಸ್ಯ: ಅದನ್ನು ಮನೆ ಎನ್ನುವುದಿಲ್ಲ, ಆಶ್ರಮ ಎನ್ನುತ್ತಾರೆ. ಊಟದ ಹೊತ್ತು, ಅತಿಥಿ ಬರುವ ಹೊತ್ತು ಎಲ್ಲವನ್ನೂ ಕಚೇರಿ ನಿರ್ಧರಿಸುವ ಕಡೆ ನೀವು ಒಂದು ತಿಂಗಳು ವಾಸಿಸಿ ಬನ್ನಿ.

ಕಾರ್ಯದರ್ಶಿ: ನಮ್ಮ ಬಳಿ ಕಾಯುತ್ತಿರುವವರಿಗೆ ಇಂದು ರಾತ್ರಿಗೆ ಸೂರು ಬೇಕು. ಆದರ್ಶ ಮನೆಯ ಚರ್ಚೆ ಮುಗಿಯುವವರೆಗೆ ಅವರು ಎಲ್ಲಿರಬೇಕು?

ಲೆಕ್ಕಪರಿಶೋಧಕ ಸದಸ್ಯ: ತಲಾ ವೆಚ್ಚ ಇಳಿಯುವುದು ಕಟ್ಟಡ ತುಂಬಿದಾಗ ಮಾತ್ರ. ನಿಮ್ಮ ಸಂಘದ ಆಯವ್ಯಯದಲ್ಲಿ ಮೀಸಲು ನಿಧಿ ಎಷ್ಟಿದೆ ಎಂದು ಹೇಳಬಲ್ಲಿರಾ?

ಕಾರ್ಯದರ್ಶಿ: ಅದು ಇಲ್ಲಿ ಕೇಳುವ ಪ್ರಶ್ನೆಯಲ್ಲ.

ವೀಲ್‌ಚೇರ್ ಬಳಸುವ ಸದಸ್ಯ: ನಮ್ಮ ಹೆಸರಿನಲ್ಲಿ ದಾನ ಪಡೆಯುವವರನ್ನು ನಾವು ಕೇಳದೆ ಇನ್ನಾರು ಕೇಳಬೇಕು?

ನಿರ್ವಾಹಕರು: ವೈಯಕ್ತಿಕ ಮಾತುಗಳು ಬೇಡ. ಇನ್ನು ಹಣಕಾಸಿನ ಪ್ರಶ್ನೆಗಳಷ್ಟೇ ಇರಲಿ.

ಸಲಹೆಗಾರ್ತಿ: ಕಾರ್ಯದರ್ಶಿಗಳ ಪ್ರಶ್ನೆ ನ್ಯಾಯವಾದದ್ದು, ಪರಿಹಾರ ಮಾತ್ರ ತಪ್ಪು. ತುರ್ತು ಸೂರಿನ ಹಣ ಬೇರೆ, ಶಾಶ್ವತ ಮನೆಯ ಹಣ ಬೇರೆ. ಒಂದನ್ನು ಇನ್ನೊಂದರ ಹೆಸರಿನಲ್ಲಿ ಖರ್ಚು ಮಾಡಿದರೆ ಎರಡೂ ಉಳಿಯುವುದಿಲ್ಲ. ಹೊಸ ಮನೆಗಳಲ್ಲಿ ಕನಿಷ್ಠ ಶೇ. 10 ವೀಲ್‌ಚೇರ್ ಬಳಕೆಗೆ ತಕ್ಕಂತೆ ಇರಬೇಕೆಂದು ಲಂಡನ್ನಿನ 2021ರ ನಗರಾಭಿವೃದ್ಧಿ ಯೋಜನೆ (ಲಂಡನ್ ಪ್ಲಾನ್) ಬಯಸುತ್ತದೆ. ಆಗ ಹೆಚ್ಚುವರಿ ವೆಚ್ಚ ಇಡೀ ವಸತಿ ಯೋಜನೆಯಲ್ಲಿ ಹಂಚಿಹೋಗುತ್ತದೆ, ದಾನಿಯ ಮನಸ್ಸನ್ನು ಕಾಯಬೇಕಾಗುವುದಿಲ್ಲ.

ಬಾಡಿಗೆ ಮನೆಯಲ್ಲಿರುವ ಸದಸ್ಯ: ಮಾಲೀಕರು ಸ್ನಾನದ ಮನೆಯಲ್ಲಿ ಹಿಡಿಕಂಬಿ ಹಾಕಲು ಬಿಡುತ್ತಿಲ್ಲ. ಮನೆ ಬಿಡುವಾಗ ಮೊದಲಿನಂತೆ ಮಾಡಿಕೊಡಲು ಆಗುವ ಖರ್ಚನ್ನು ಅನುದಾನದಲ್ಲಿ ಕೇಳಬಹುದೇ?

ಮತ್ತೊಬ್ಬ ಸದಸ್ಯೆ: ಅನುದಾನ ಸಿಗುತ್ತದೆಯೇ ಮೇಡಂ? ನಮ್ಮದು ಇಂಗ್ಲೆಂಡ್, ಇರುವ ಮನೆಯ ಮಾರ್ಪಾಡು.

ಸಲಹೆಗಾರ್ತಿ: ಸಿಗುತ್ತದೆ. ಸ್ಥಳೀಯ ಆಡಳಿತದಲ್ಲಿ ಅಂಗವಿಕಲರ ಸೌಲಭ್ಯ ಅನುದಾನಕ್ಕೆ ಅರ್ಜಿ ಹಾಕಿ; ಕಡ್ಡಾಯ ಅನುದಾನದ ಮಿತಿ 30,000 ಪೌಂಡ್. ವಯಸ್ಕರಿಗೆ ಆದಾಯದ ಪರಿಶೀಲನೆ ಇದೆ, ಮಕ್ಕಳಿಗೆ ಇಲ್ಲ. ಮಂಜೂರಾತಿಗೆ ಮುಂಚೆ ಕೆಲಸ ಆರಂಭಿಸಬೇಡಿ.

ಹಿರಿಯ ಸದಸ್ಯ: ಇನ್ನೊಂದು ಸಂದೇಶ ಬಂದಿದೆ. ಮೆಟ್ಟಿಲ ಮೇಲೆ ಗಟ್ಟಿ ಹಲಗೆ ಇಟ್ಟರೆ ಸಾಕಂತೆ, ರ‍್ಯಾಂಪಿಗೆ ಹಣ ಸುರಿಯುವ ಅಗತ್ಯವೇ ಇಲ್ಲವಂತೆ.

ಸಲಹೆಗಾರ್ತಿ: ಇದರಿಂದ ಬೀಳುವವರು ಸಂದೇಶ ಕಳುಹಿಸಿದವರಲ್ಲ. ಸಾಮಾನ್ಯವಾಗಿ ಒಪ್ಪುವ ಅತಿ ಕಡಿದಾದ ಇಳಿಜಾರು 1:12, ಅಂದರೆ ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ. ಅರುವತ್ತು ಸೆಂಟಿಮೀಟರ್ ಎತ್ತರದ ಜಗಲಿಗೆ ಏಳು ಮೀಟರಿಗಿಂತ ಹೆಚ್ಚು ಉದ್ದದ ಇಳಿಜಾರು ಬೇಕು, ಮೇಲೂ ಕೆಳಗೂ ಸಮತಟ್ಟಾದ ಜಾಗ ಬೇಕು, ಕೈಹಿಡಿ ಬೇಕು. ಫಾರ್ವರ್ಡ್ ಸಂದೇಶಗಳಿಗೆ ಇನ್ನು ಉತ್ತರಿಸುವುದಿಲ್ಲ.

ಹಿರಿಯ ಸದಸ್ಯ: ಒಳ್ಳೆಯದಾಗಲೆಂದು ಹಾಕಿದೆ. ಇಷ್ಟು ಗಡಸಾಗಿ ಹೇಳಬೇಕಾಗಿರಲಿಲ್ಲ.

ಶ್ರವಣದೋಷವುಳ್ಳ ಸದಸ್ಯೆ: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಮೆಟ್ಟಿಲು ಹತ್ತಲು ಆಗದವರು ಮಾತ್ರ ಅಂಗವಿಕಲರೇ?

ಸಲಹೆಗಾರ್ತಿ: ಇಲ್ಲ, ನಿಮ್ಮ ಆಕ್ಷೇಪ ಸರಿ. ಮೂಲ ಅಂದಾಜಿನಲ್ಲಿಯೇ ಸೇರಿಸಿ, ವಿದ್ಯುತ್ ಕಾಮಗಾರಿಯ ಬಾಬಿನಲ್ಲಿ. ಅಮೆರಿಕದಲ್ಲಿ ಫೆಡರಲ್ ನೆರವಿನಿಂದ ಕಟ್ಟುವ ಹೊಸ ವಸತಿ ಸಮುಚ್ಚಯಗಳಲ್ಲಿ ಚಲನೆಯ ತೊಂದರೆ ಇರುವವರಿಗೆ ಶೇ. 5 ಮನೆಗಳಲ್ಲದೆ, ದೃಷ್ಟಿ ಅಥವಾ ಶ್ರವಣದ ತೊಂದರೆ ಇರುವವರಿಗೆ ಇನ್ನೂ ಶೇ. 2 ಮನೆಗಳು ಇರಬೇಕು. ಆ ಪ್ರಮಾಣವನ್ನು ಮಾದರಿಯಾಗಿ ಉಲ್ಲೇಖಿಸಿ.

ಹೊಸ ಸದಸ್ಯೆ: ಅನುದಾನದ ಬಗ್ಗೆ ಕೇಳಿದ್ದೆ ಮೇಡಂ.

ಸಲಹೆಗಾರ್ತಿ: ದೇಶ ತಿಳಿಸಿ ಎಂದು ಆಗಲೇ ಬರೆದಿದ್ದೇನೆ.

ಒಬ್ಬ ತಾಯಿ: ಬಿಲ್ಡರ್‌ಗೆ ಕರೆ ಮಾಡಿದೆವು. ಉಳಿದ ಮಾಲೀಕರ ಒಪ್ಪಿಗೆ ನಂತರ ನೋಡಿಕೊಳ್ಳೋಣ, ಈ ವಾರ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಮಾರುತ್ತೇವೆ ಎನ್ನುತ್ತಾರೆ. ನಡುಪೇಟೆಯಲ್ಲಿ ಇಂಥ ಜಾಗ ಮತ್ತೆ ಸಿಗದಿದ್ದರೆ ಎಂಬ ಚಿಂತೆಯಾಗುತ್ತಿದೆ.

ಸಲಹೆಗಾರ್ತಿ: ಮಾರಲಿ ಬಿಡಿ, ಅಮ್ಮ. ಒಪ್ಪಿಗೆ ಪತ್ರವೂ ಎಂಜಿನಿಯರರ ವರದಿಯೂ ಇಲ್ಲದ ಎರಡನೇ ಅಂತಸ್ತು ನಿಮ್ಮ ಮಕ್ಕಳಿಗೆ ಜಾಗವೇ ಅಲ್ಲ. ನಾಲ್ಕು ಲೆಕ್ಕಗಳ ಹಾಳೆಯನ್ನು ಆರೂ ಕುಟುಂಬಗಳು ಕುಳಿತು ತುಂಬಿಸಿ ನನಗೆ ಕಳುಹಿಸಿ; ಸಾಲದ ಮಾತನ್ನು ಅದನ್ನು ನೋಡಿದ ಮೇಲೆ ಆಡುತ್ತೇನೆ.