ಸಹಾಯ ಬೇಕು: ಎಸ್ಟ್ರಾಡಿಯೋಲ್ (ಹೆಣ್ಣು ಹಾರ್ಮೋನ್) ಮಾತ್ರೆ ಬಿಟ್ಟು ಜೆಲ್‌ಗೆ ಬದಲಾದವರು ಇದ್ದೀರಾ?

ಅಕ್ಕಂದಿರೇ, ನಾನು ಟ್ರಾನ್ಸ್ ಮಹಿಳೆ, 41 ವರ್ಷ, ದಾವಣಗೆರೆಯವಳು. ಏಳು ತಿಂಗಳಿಂದ ಎಸ್ಟ್ರಾಡಿಯೋಲ್ ಮಾತ್ರೆ, ಜೊತೆಗೆ ಗಂಡು ಹಾರ್ಮೋನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುತ್ತಿದ್ದೇನೆ. ಕನ್ನಡಿಯಲ್ಲಿ ಕಾಣುವ ಮುಖ ಈಗ ನನ್ನದೆನಿಸುತ್ತಿದೆ. ಚಿಕಿತ್ಸೆ ಬಿಡುವ ಮಾತೇ ಇಲ್ಲ. ಆದರೆ ನಮ್ಮ ಅಮ್ಮನಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸಂಜೆ ಮೀನಖಂಡ ಸ್ವಲ್ಪ ಬಿಗಿದರೂ ಎರಡೂ ಕಾಲುಗಳನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತೇನೆ. ನುಂಗುವ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ ಎಂದು ವೈದ್ಯರು ಹೇಳಿದ್ದಾರೆ, ಬೆಲೆ ಮಾತ್ರ ಕೈಗೆಟುಕುತ್ತಿಲ್ಲ.

ಗೆಳತಿಯೊಬ್ಬಳು ಸ್ಪೈರೊನೊಲ್ಯಾಕ್ಟೋನ್ ಬದಲು ಗಂಡು ಹಾರ್ಮೋನ್ ತಡೆಯುವ ಇನ್ನೊಂದು ಔಷಧ ಸೈಪ್ರೊಟೆರೋನ್ ಒಳ್ಳೆಯದು ಎನ್ನುತ್ತಾಳೆ. ಡೋಸ್ ಏರಿದಂತೆ ಮೆದುಳಿನ ಪೊರೆಯಲ್ಲಿ ಗೆಡ್ಡೆಯಾಗುವ ಅಪಾಯವೂ ಏರುತ್ತದೆ ಎಂದು ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಎಚ್ಚರಿಸಿದ ಮೇಲೆ ನನಗಂತೂ ಧೈರ್ಯವಿಲ್ಲ. ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಂ ಏರಿಸಬಹುದೆಂದು ದಿನದ ಎಳನೀರನ್ನೂ ಬಿಟ್ಟಿದ್ದೇನೆ.

ಜೆಲ್ ಬಳಸುವವರು ತಿಂಗಳ ಖರ್ಚೆಷ್ಟು, ರಕ್ತಪರೀಕ್ಷೆಯಲ್ಲಿ ಹಾರ್ಮೋನ್ ಮಟ್ಟ ಸರಿ ಬಂತೇ ಎಂದು ದಯವಿಟ್ಟು ತಿಳಿಸಿ. ಶನಿವಾರ ವೈದ್ಯರನ್ನು ಕಾಣಬೇಕು.